ರಜೆಗೆ ಹೋದ ಊರಲ್ಲೇ ಇದ್ದುಬಿಡೋಣವೇ?

ರಜೆಯ ಕಾಲ ಮುಗಿದ ಮೇಲಿನ ಎರಡು ಮೂರು ವಾರ ನನಗೆ ಒಂದೇ ಥರದ ಫೋನ್ ಜಾಸ್ತಿ ಬರುತ್ತವೆ. "ಮೇಡಂ, ಈಗ ಹೋಗಿ ಬಂದೆವಲ್ಲ, ಆ ಊರಿಗೇ ಹೋಗಿ ಇದ್ದುಬಿಡೋಣ ಅಂತ ನಾನು. ಇವರು ಒಪ್ತಿಲ್ಲ. ನೀವೊಂದು ಮಾತು ಹೇಳಿ." ಹೇಳುವವರು ಒಮ್ಮೆ ಗಂಡ, ಒಮ್ಮೆ ಹೆಂಡತಿ. ಒಂಟಿಯಾಗಿ ಇರುವವರೂ ಬರುತ್ತಾರೆ. ಅವರಿಗೆ ಬೇಡ ಅನ್ನುವವರು ಮನೆಯಲ್ಲಿ ಯಾರೂ ಇರುವುದಿಲ್ಲ, ಆದರೂ ಮನಸ್ಸು ಅರ್ಧ ಒಪ್ಪಿ ಅರ್ಧ ಹಿಂದೆ ಸರಿಯುತ್ತಿರುತ್ತದೆ.

ನಾನು ಆಪ್ತಸಮಾಲೋಚಕಿ. ದೊಡ್ಡ ತೀರ್ಮಾನದ ಮುಂದೆ ನಿಂತವರ ಜೊತೆ ಕೂತು ಯೋಚಿಸುವುದು ನನ್ನ ಕೆಲಸ. "ಅದೆಲ್ಲ ರಜೆಯ ಗುಂಗು, ಇಳಿಯುತ್ತೆ ಬಿಡಿ" ಎಂದು ಹೇಳಿ ಕಳಿಸುವುದು ಸುಲಭ. ನಾನು ಹಾಗೆ ಮಾಡುವುದಿಲ್ಲ. ಆ ಆಸೆಯ ಒಳಗೆ ಏನೋ ಒಂದು ನಿಜ ಇರುತ್ತದೆ. ಅದು ಏನು ಅಂತ ಗೊತ್ತಾಗುವ ತನಕ ಹೌದು ಅನ್ನುವುದೂ ತಪ್ಪು, ಬೇಡ ಅನ್ನುವುದೂ ತಪ್ಪು.

ಪ್ರವಾಸ ಹೋದ ಕಡೆಗೇ ಜನ ನಿಜವಾಗಿ ಹೋಗಿ ನೆಲೆಸುತ್ತಾರೆಯೇ? ನೆಲೆಸುತ್ತಾರೆ. ಬ್ರಿಟನ್ನಿನ ರಸೆಲ್ ಕಿಂಗ್ ಮತ್ತು ಅವರ ಜೊತೆಯ ಸಂಶೋಧಕರು ನಿವೃತ್ತಿಯ ನಂತರ ದಕ್ಷಿಣ ಯುರೋಪಿಗೆ ಹೋದ ಬ್ರಿಟಿಷರನ್ನು ಮಾತಾಡಿಸಿದರು. ಇಟಲಿಯ ಟಸ್ಕನಿ, ಮಾಲ್ಟಾ, ಸ್ಪೇನಿನ ಕೋಸ್ಟಾ ಡೆಲ್ ಸೋಲ್, ಪೋರ್ಚುಗಲ್ಲಿನ ಅಲ್ಗಾರ್ವ್, ಹೀಗೆ ನಾಲ್ಕು ಕಡೆ. ಅವರಲ್ಲಿ ಬಹಳ ಜನರಿಗೆ ಆ ಜಾಗ ಪರಿಚಯವಾದದ್ದು ರಜೆಯ ಪ್ರವಾಸಗಳಿಂದ. ಯೋಚಿಸಿದರೆ ಇದು ಸಹಜವೇ. ನೋಡದ ಊರಿಗೆ ಹೋಗಿ ನೆಲೆಸುವ ಆಸೆ ಯಾರಿಗೆ ತಾನೇ ಬರುತ್ತದೆ? ಆದರೆ ಒಂದೇ ಸಲ ಹೋಗಿ ಬಂದ ಹುರುಪಿನಲ್ಲಿ ಮನೆ ಮಾರುವುದು ಬೇರೆ, ವರ್ಷ ವರ್ಷ ಹೋಗಿ ಬಂದು ಕೊನೆಗೆ ಅಲ್ಲೇ ಉಳಿಯುವುದು ಬೇರೆ. ಈ ಎರಡರ ನಡುವಿನ ಅಂತರದಲ್ಲೇ ನನ್ನ ಕೆಲಸವೆಲ್ಲ ನಡೆಯುವುದು.

ಬಂದವರಿಗೆ ನಾನು ಮೊದಲು ಒಂದು ಕೆಲಸ ಕೊಡುತ್ತೇನೆ. "ಅಲ್ಲಿ ನಿಮಗೆ ತುಂಬಾ ಇಷ್ಟವಾದ ಒಂದು ದಿನವನ್ನು ಎದ್ದ ಗಳಿಗೆಯಿಂದ ಮಲಗುವ ತನಕ ಹೇಳಿ. ನಾನು ಬರೆದುಕೊಳ್ಳುತ್ತೇನೆ." ಒಬ್ಬರು ಸಮುದ್ರದ ದಡದ ಊರೊಂದರಿಂದ ಬಂದಿದ್ದರು. ಮುಕ್ಕಾಲು ಗಂಟೆ ಹೇಳಿದರು. ಬರೆದದ್ದನ್ನು ಓದಿ ತೋರಿಸಿದಾಗ ಅವರಿಗೇ ಆಶ್ಚರ್ಯ. ಸಮುದ್ರ ಎರಡೇ ಸಲ ಬಂದಿತ್ತು. ಉಳಿದದ್ದೆಲ್ಲ ಬೇರೆ: ಬೆಳಗ್ಗೆ ಒಂಬತ್ತರವರೆಗೆ ಯಾರೂ ಫೋನ್ ಮಾಡಲಿಲ್ಲ. ಮಗಳು ಪಕ್ಕದಲ್ಲಿ ಕೂತು ಸುಮ್ನೆ ಏನೇನೋ ಮಾತಾಡಿದಳು. ಹೆಂಡತಿಯ ಜೊತೆ ಎಲ್ಲಿಗೂ ಹೋಗುವ ಆತುರವಿಲ್ಲದೆ ನಡೆದರು. ಮಧ್ಯಾಹ್ನ ಕಣ್ಣು ತುಂಬ ನಿದ್ದೆ. ಅವರು ಹಾಳೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. "ಇದನ್ನು ನಾನು ಇಲ್ಲೂ ಮಾಡಬಹುದಿತ್ತು ಅಲ್ವಾ ಮೇಡಂ" ಎಂದರು. ಆ ಮಾತು ಹೇಳುವಾಗ ಅವರ ಗಂಟಲು ಕಟ್ಟಿತ್ತು. ಅವರು ಊರು ಬಿಡಲಿಲ್ಲ. ಕೆಲಸದಲ್ಲಿ ಒಂದು ಹೊಣೆ ಬಿಟ್ಟುಕೊಟ್ಟರು, ಸಂಬಳ ಸ್ವಲ್ಪ ಕಡಿಮೆಯಾಯಿತು. ಮಗಳ ಮಾತು ಈಗಲೂ ನಡೆದಿದೆಯಂತೆ.

ಎಲ್ಲರ ಹಾಳೆಯೂ ಹೀಗೇ ಇರುವುದಿಲ್ಲ. ಕೆಲವರ ಹಾಳೆಯಲ್ಲಿ ಊರೇ ತುಂಬಿರುತ್ತದೆ. ಅಲ್ಲಿನ ಬೆಳಕು, ಗಾಳಿ, ನಡೆದುಕೊಂಡೇ ಎಲ್ಲ ಕಡೆ ಹೋಗಬಹುದಾದ ಬೀದಿಗಳು, ಉಸಿರಾಟದ ತೊಂದರೆ ಕಡಿಮೆಯಾದದ್ದು. ಅಂಥವರಿಗೆ ನಾನು ಬೇರೆ ದಾರಿ ಹೇಳುತ್ತೇನೆ. ಅದಕ್ಕೆ ಆಮೇಲೆ ಬರುತ್ತೇನೆ.

ರಜೆಯ ನೆನಪನ್ನು ಪೂರ್ತಿ ನಂಬಬೇಡಿ ಅನ್ನುವುದಕ್ಕೆ ಕಾರಣ ಇದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ಒಂದು ಸರಳ ಪ್ರಯೋಗ ಪ್ರಕಟಿಸಿದರು. ಒಂದು ಸಲ 14 ಡಿಗ್ರಿಯ ತಣ್ಣನೆ ನೀರಿನಲ್ಲಿ 60 ಸೆಕೆಂಡ್ ಕೈ ಇಡಬೇಕು. ಇನ್ನೊಂದು ಸಲ ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30 ಸೆಕೆಂಡ್, ಆದರೆ ಆ ಕೊನೆಯ ಭಾಗದಲ್ಲಿ ನೀರು ನಿಧಾನಕ್ಕೆ 15 ಡಿಗ್ರಿಗೆ ಏರುತ್ತದೆ. ಮೂರನೇ ಸಲ ಯಾವುದು ಬೇಕು ಎಂದರೆ ಹೆಚ್ಚಿನವರು ಉದ್ದನೆಯದನ್ನೇ ಕೇಳಿದರು. ನೋವು ಅದರಲ್ಲೇ ಜಾಸ್ತಿ, ಆದರೆ ಕೊನೆ ಹಿತವಾಗಿತ್ತು. ನಮ್ಮ ನೆನಪು ಪ್ರತಿ ನಿಮಿಷದ ಲೆಕ್ಕ ಇಡುವುದಿಲ್ಲ. ತುಂಬಾ ತೀವ್ರವಾಗಿದ್ದ ಗಳಿಗೆಯನ್ನೂ ಕೊನೆಯ ಗಳಿಗೆಯನ್ನೂ ಹಿಡಿದುಕೊಳ್ಳುತ್ತದೆ. ಹತ್ತು ದಿನದ ಪ್ರವಾಸದಲ್ಲಿ ಸಾಲಿನಲ್ಲಿ ನಿಂತದ್ದು, ಸೆಕೆಗೆ ಸಿಡುಕಿದ್ದು ಎಲ್ಲ ಅಳಿಸಿಹೋಗಿ, ಕೊನೆಯ ಸಂಜೆಯ ಸೂರ್ಯಾಸ್ತ ಮಾತ್ರ ಉಳಿಯುತ್ತದೆ. ಮನೆ ಕೊಳ್ಳುವ ಯೋಚನೆ ಹುಟ್ಟುವುದು ಆ ಸಂಜೆಯಲ್ಲೇ.

ಇದೇ ಕಾನೆಮನ್, ಡೇವಿಡ್ ಶ್ಕೇಡ್ ಜೊತೆ 1998ರಲ್ಲಿ ಮಾಡಿದ ಇನ್ನೊಂದು ಅಧ್ಯಯನವನ್ನು ನಾನು ಬಂದವರಿಗೆಲ್ಲ ಹೇಳುತ್ತೇನೆ. ಅಮೆರಿಕದ ಚಳಿ ಜಾಸ್ತಿ ಇರುವ ಮಧ್ಯಪಶ್ಚಿಮ ಭಾಗದ ವಿದ್ಯಾರ್ಥಿಗಳನ್ನೂ ಬಿಸಿಲಿನ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳನ್ನೂ ಅವರವರ ಬದುಕಿನ ಬಗ್ಗೆ ಕೇಳಿದರು. ತೃಪ್ತಿ ಎರಡೂ ಕಡೆ ಸುಮಾರು ಒಂದೇ ಆಗಿತ್ತು. ಆದರೆ "ನಿಮ್ಮಂಥವರು ಆ ಕಡೆ ಇದ್ದರೆ ಹೇಗಿರುತ್ತಾರೆ" ಎಂದು ಕೇಳಿದಾಗ, ಎರಡೂ ಕಡೆಯವರು ಕ್ಯಾಲಿಫೋರ್ನಿಯಾದವರೇ ಹೆಚ್ಚು ಸುಖಿಗಳು ಎಂದು ಊಹಿಸಿದರು. ದೂರದಿಂದ ನೋಡುವಾಗ ಬಿಸಿಲೇ ದೊಡ್ಡದಾಗಿ ಕಾಣುತ್ತದೆ. ಅಲ್ಲಿ ಬದುಕುವವರಿಗೆ ಪರೀಕ್ಷೆ, ದುಡ್ಡು, ಗೆಳೆತನ, ಮನೆಯವರ ಆರೋಗ್ಯ ಇವೇ ದಿನ ತುಂಬುತ್ತವೆ.

ರಜೆಯ ಸಂತೋಷಕ್ಕೂ ಆಯುಷ್ಯ ಕಡಿಮೆ. ನೆದರ್ಲೆಂಡ್ಸ್‌ನಲ್ಲಿ 1,530 ಜನರ ಮೇಲೆ ನಡೆದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ರಜೆಗೆ ಹೋಗುವವರು ಹೋಗುವ ಮುಂಚೆಯೇ ಉಳಿದವರಿಗಿಂತ ಖುಷಿಯಾಗಿದ್ದರು, ಎದುರು ನೋಡುವ ಸುಖ ಅದು. ಬಂದ ಮೇಲೆ, ತುಂಬಾ ಆರಾಮವಾಗಿ ಕಳೆದವರನ್ನು ಬಿಟ್ಟರೆ, ಹೋದವರಿಗೂ ಹೋಗದವರಿಗೂ ವ್ಯತ್ಯಾಸ ಕಾಣಲಿಲ್ಲ. ಅದಕ್ಕೇ ನಾನು ಬಂದವರಿಗೆ ಮೂರು ತಿಂಗಳು ಯಾವ ಕಾಗದಕ್ಕೂ ಸಹಿ ಹಾಕಬೇಡಿ ಎನ್ನುತ್ತೇನೆ. ಮೂರು ತಿಂಗಳ ನಂತರವೂ ಆಸೆ ಹಾಗೇ ಇದ್ದರೆ ಅದಕ್ಕೆ ಬೇರು ಇದೆ ಅಂತ ಅರ್ಥ.

ಹೋಗಿ ನೆಲೆಸಿದ ಮೇಲೆ ಏನಾಗುತ್ತದೆ? ಮಾನವಶಾಸ್ತ್ರಜ್ಞ ಕಾಲೆರ್ವೊ ಒಬರ್ಗ್ 1954ರಲ್ಲಿ ರಿಯೊ ಡಿ ಜನೈರೊದಲ್ಲಿ ಮಾಡಿದ ಭಾಷಣದಲ್ಲಿ ಇದನ್ನು ಹಂತ ಹಂತವಾಗಿ ಬಿಡಿಸಿ ಹೇಳಿದರು. ಮೊದಲನೆಯದು ಮಧುಚಂದ್ರದ ಹಂತ. ಕೆಲವು ದಿನಗಳಿಂದ ಆರು ತಿಂಗಳವರೆಗೆ ಇರಬಹುದು. ಎಲ್ಲವೂ ಚೆಂದ. ಆಮೇಲೆ ಕಷ್ಟದ ಹಂತ, ಸಣ್ಣ ಸಣ್ಣದಕ್ಕೂ ಸಿಟ್ಟು. ಆಮೇಲೆ ನಿಧಾನಕ್ಕೆ ಹೊಂದಿಕೆ. ಪ್ರವಾಸಿ ಮಧುಚಂದ್ರ ಮುಗಿಯುವ ಮುಂಚೆಯೇ ಮನೆಗೆ ವಾಪಸ್ ಬಂದಿರುತ್ತಾನೆ. ನೆಂಟನಾಗಿ ಹೋದ ಮನೆಯಲ್ಲಿ ಜಗಳದ ಸದ್ದು ಕೇಳಿಸುವುದಿಲ್ಲ.

ನನ್ನನ್ನು ಬಹಳ ಕಾಡಿದ ಪ್ರಕರಣ ಒಂದಿದೆ. ಐವತ್ತರ ಆಸುಪಾಸಿನ ದಂಪತಿ. ಎರಡು ಸಲ ಹೋಗಿ ಬಂದ ಬೆಟ್ಟದೂರಿಗೆ ಇದ್ದ ಮನೆ ಮಾರಿ ಹೋದರು. ನನ್ನ ಬಳಿ ಬಂದದ್ದು ಹೋಗುವ ಮುಂಚೆ ಅಲ್ಲ, 14 ತಿಂಗಳ ನಂತರ ವಾಪಸ್ ಬಂದ ಮೇಲೆ. ಊರಿನ ಮೇಲೆ ಅವರಿಗೆ ದೂರು ಇರಲಿಲ್ಲ. "ಬಾಗಿಲು ತಟ್ಟುವವರು ಯಾರೂ ಇರಲಿಲ್ಲ" ಎಂದರು ಆಕೆ. ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ 2018ರ ಅಧ್ಯಯನವನ್ನು ನಾನು ಆಗ ಅವರಿಗೆ ಹೇಳಿದೆ. ಹೊಸದಾಗಿ ಊರು ಬದಲಿಸಿದವರನ್ನೂ ಅವರು ಕೇಳಿದ್ದರು. ಪರಿಚಯ ಅನ್ನುವುದು ಹಗುರವಾದ ಗೆಳೆತನವಾಗಲು ಸುಮಾರು 50 ಗಂಟೆ ಜೊತೆಗಿರಬೇಕು, ಸ್ನೇಹವಾಗಲು 90 ಗಂಟೆ, ಆಪ್ತತೆಗೆ 200 ಗಂಟೆಗೂ ಜಾಸ್ತಿ. ವಾರಕ್ಕೆ ಮೂರು ಗಂಟೆ ಒಬ್ಬರ ಜೊತೆ ಕಳೆದರೂ ಒಂದು ಆಪ್ತ ಗೆಳೆತನಕ್ಕೆ ಒಂದೂಕಾಲು ವರ್ಷ ಬೇಕು. ಆ ದಂಪತಿ ಹೆಚ್ಚು ಕಡಿಮೆ ಆ ಹೊತ್ತಿಗೇ ಸೋತೆವು ಅಂದುಕೊಂಡು ಹೊರಟುಬಂದಿದ್ದರು. ಲೆಕ್ಕ ಕೇಳಿ ಆಕೆ ಅತ್ತರು. ಮೊದಲೇ ಗೊತ್ತಿದ್ದರೆ ಇನ್ನೂ ಸ್ವಲ್ಪ ಕಾಯುತ್ತಿದ್ದರೋ ಏನೋ. ಮರಳಿ ಬರುವುದು ಸೋಲು ಅಂತ ನಾನು ಯಾವತ್ತೂ ಭಾವಿಸಿಲ್ಲ. ಆದರೆ ಅವರಿಗೆ ಮರಳಿ ಬರಲು ಸ್ವಂತ ಮನೆ ಉಳಿದಿರಲಿಲ್ಲ, ನನಗೆ ಸಂಕಟವಾದದ್ದು ಅದಕ್ಕೆ. ಆವತ್ತಿನಿಂದ ನಾನು ಈ ಒಂದು ವಿಷಯದಲ್ಲಿ ಹಟ ಹಿಡಿಯುತ್ತೇನೆ: ಮೊದಲ ಎರಡು ವರ್ಷ ಹಳೆ ಮನೆ ಮಾರಬೇಡಿ. ಬಾಡಿಗೆಗೆ ಕೊಡಿ. ಹೊಸ ಊರಲ್ಲಿ ನೀವೂ ಬಾಡಿಗೆಗೇ ಇರಿ.

ಕಾಯ್ದೆ, ದುಡ್ಡು ನನ್ನ ಕ್ಷೇತ್ರವಲ್ಲ, ಅದಕ್ಕೆ ಆಯಾ ತಿಳಿದವರನ್ನೇ ಕೇಳಬೇಕು. ಆದರೂ ಹೊರದೇಶದ ಆಸೆ ಇರುವವರಿಗೆ ಒಂದಿಷ್ಟು ನೆನಪಿಸುತ್ತೇನೆ. ಒಂದರಿಂದ ಇನ್ನೊಂದಕ್ಕೆ ಗಡಿ ತಪಾಸಣೆಯಿಲ್ಲದೆ ಓಡಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ಹೊರಗಿನ ಪ್ರವಾಸಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಬ್ರಿಟನ್ ಯುರೋಪ್ ಒಕ್ಕೂಟ ಬಿಟ್ಟ ಮೇಲೆ, ಚಳಿಗಾಲ ಪೂರ್ತಿ ಸ್ಪೇನಿನ ಸ್ವಂತ ಮನೆಯಲ್ಲಿ ಕಳೆಯುತ್ತಿದ್ದ ಬ್ರಿಟಿಷರಿಗೂ 2021ರಿಂದ ಇದೇ ಲೆಕ್ಕ ಬಂತು. ಹಲವು ದೇಶಗಳಲ್ಲಿ ವರ್ಷಕ್ಕೆ 183 ದಿನ ಇದ್ದರೆ ಅಲ್ಲಿನ ತೆರಿಗೆ ನಿಮಗೂ ತಗುಲುತ್ತದೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪಡೆಯುವವರು ಆಸ್ಟ್ರೇಲಿಯಾಗೋ ಕೆನಡಾಗೋ ಹೋಗಿ ನೆಲೆಸಿದರೆ ವರ್ಷ ವರ್ಷದ ಏರಿಕೆ ಸಿಗುವುದಿಲ್ಲ. ಅಮೆರಿಕದ ಹಿರಿಯರ ಮೆಡಿಕೇರ್ ವಿಮೆ ಸಾಮಾನ್ಯವಾಗಿ ದೇಶದ ಹೊರಗಿನ ಚಿಕಿತ್ಸೆಗೆ ನಡೆಯುವುದಿಲ್ಲ. ಸೂರ್ಯಾಸ್ತ ನೋಡುವಾಗ ಇದ್ಯಾವುದೂ ತಲೆಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಸಹಿ ಹಾಕುವಾಗ ಬರಬೇಕು.

ಈಗ ಹಾಳೆಯಲ್ಲಿ ಊರೇ ತುಂಬಿರುವವರ ವಿಷಯ. ಇವರಿಗೆ ನಾನು ಹೋಗಿ ಎನ್ನುತ್ತೇನೆ, ಆದರೆ ಕೆಟ್ಟ ಕಾಲದಲ್ಲಿ ಹೋಗಿ. ನಾರ್ವೆಯ ಟ್ರೋಮ್ಸೋದಲ್ಲಿ ಬೇಸಿಗೆಗೆ ನಡುರಾತ್ರಿಯೂ ಸೂರ್ಯ ಇರುತ್ತಾನೆ. ಅದೇ ಊರಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಹುಟ್ಟುವುದೇ ಇಲ್ಲ. ಬೇಸಿಗೆಯ ಟ್ರೋಮ್ಸೋವನ್ನು ನೋಡಿ ಮನೆ ಹುಡುಕಿದವರು ಅರ್ಧ ಊರನ್ನು ಮಾತ್ರ ನೋಡಿರುತ್ತಾರೆ. ಪ್ರವಾಸಿಗರು ಖಾಲಿಯಾದ ತಿಂಗಳಲ್ಲಿ ಹೋಗಬೇಕು. ಹೋಟೆಲ್ ಬೇಡ, ಬಾಡಿಗೆ ಮನೆಯೇ ಇರಲಿ. ಅಡುಗೆ ಮಾಡಿ, ಪಾತ್ರೆ ತೊಳೆಯಿರಿ, ನಲ್ಲಿ ಕೆಟ್ಟರೆ ರಿಪೇರಿ ಮಾಡುವವರನ್ನು ಹುಡುಕಿ. ಹುಷಾರಿಲ್ಲದಾಗ ಆಸ್ಪತ್ರೆ ಎಷ್ಟು ದೂರ ಅಂತ ನೋಡಿ. ಕೆಲಸ ಇದ್ದರೆ ಅಲ್ಲಿಂದಲೇ ಮಾಡಿ. ಬಾರ್ಬಡೋಸ್ 2020ರಲ್ಲಿ, ದೂರದಿಂದಲೇ ಕೆಲಸ ಮಾಡುವವರಿಗೆ 12 ತಿಂಗಳು ಬಂದು ಇರುವ ಅವಕಾಶ ತೆರೆಯಿತು. ಆಮೇಲೆ ಬೇರೆ ದೇಶಗಳೂ ಇಂಥದ್ದನ್ನು ತಂದವು. ಒಂದು ವರ್ಷ ಇದ್ದು ನೋಡುವ ಇಂಥ ಅವಕಾಶ ಹಿಂದಿನವರಿಗೆ ಇರಲಿಲ್ಲ.

ಅಲ್ಲಿ ಈಗಾಗಲೇ ಬದುಕುತ್ತಿರುವವರನ್ನೂ ಮಾತಾಡಿಸಿ. ಬಾರ್ಸಿಲೋನಾ ನಗರ 2024ರಲ್ಲಿ, ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಸುಮಾರು 10,000 ಮನೆಗಳ ಪರವಾನಗಿಯನ್ನು 2028ರ ಹೊತ್ತಿಗೆ ಮುಗಿಸುತ್ತೇವೆ ಎಂದು ಹೇಳಿತು. ಊರಿನವರಿಗೇ ಮನೆ ಸಿಗದಷ್ಟು ಬಾಡಿಗೆ ಏರಿತ್ತು. ನೀವು ಇಷ್ಟಪಟ್ಟ ಊರು ನಿಮ್ಮಂಥವರು ಬಂದದ್ದರಿಂದ ಯಾರಿಗಾದರೂ ದುಬಾರಿಯಾಗಿದೆಯೇ ಅಂತ ತಿಳಿದುಕೊಂಡು ಹೋಗುವುದು ಒಳ್ಳೆಯದು. ನೆರೆಹೊರೆಯ ಗೆಳೆತನ ಅಲ್ಲಿಂದಲೇ ಶುರುವಾಗುತ್ತದೆ.

ಕಲಾವಿದೆ ಜಾರ್ಜಿಯಾ ಓ'ಕೀಫ್ ಬದುಕು ಈ ವಿಷಯದಲ್ಲಿ ನನಗೆ ಬಹಳ ಇಷ್ಟ. ನ್ಯೂಯಾರ್ಕಿನಲ್ಲಿದ್ದ ಆಕೆ 1929ರ ಬೇಸಿಗೆಯನ್ನು ಅಮೆರಿಕದ್ದೇ ರಾಜ್ಯವಾದ ನ್ಯೂ ಮೆಕ್ಸಿಕೋದ ಮರುಭೂಮಿಯ ಕಡೆ ಕಳೆದರು. ಮನಸ್ಸು ಅಲ್ಲೇ ನಿಂತಿತು. ಆದರೆ ಗಂಡ ಆಲ್‌ಫ್ರೆಡ್ ಸ್ಟೀಗ್ಲಿಟ್ಸ್ ಇದ್ದದ್ದು ಪೂರ್ವದಲ್ಲಿ. ಹಾಗಾಗಿ ಹೆಚ್ಚು ಕಡಿಮೆ ಪ್ರತಿ ಬೇಸಿಗೆ ಹೋಗಿ ಬಂದರು. 1940ರಲ್ಲಿ ಅಲ್ಲೊಂದು ಮನೆ ಕೊಂಡರು. 1945ರಲ್ಲಿ ಅಬಿಕ್ಯೂ ಎಂಬ ಹಳ್ಳಿಯಲ್ಲಿ ಬಿದ್ದುಹೋಗಿದ್ದ ಇನ್ನೊಂದು ಮನೆ ಕೊಂಡು ಕಟ್ಟಿಸಿದರು. ಪೂರ್ತಿಯಾಗಿ ಹೋಗಿ ನೆಲೆಸಿದ್ದು 1949ರಲ್ಲಿ, ಗಂಡ ತೀರಿಕೊಂಡು ಮೂರು ವರ್ಷದ ಮೇಲೆ. ಮೊದಲ ಬೇಸಿಗೆಗೂ ಅದಕ್ಕೂ 20 ವರ್ಷ. ಆ 20 ವರ್ಷ ಕಾದದ್ದು ಸುಮ್ನೆ ಹೋಯಿತು ಅಂತ ನನಗೆ ಅನ್ನಿಸುವುದಿಲ್ಲ. ಹೋಗಿ ಬರುವ ಆ ಬದುಕಿನಲ್ಲೇ ಆಕೆ ಅಲ್ಲಿನ ಗುಡ್ಡಗಳ, ಮೂಳೆಗಳ ಚಿತ್ರ ಬರೆದರು. ಇದ್ದರೆ ಪೂರ್ತಿ ಅಲ್ಲಿ, ಇಲ್ಲದಿದ್ದರೆ ಇಲ್ಲಿ ಅಂತ ಹಟ ಮಾಡುವ ದಂಪತಿಗಳಿಗೆ ನಾನು ಈ ಕಥೆ ಹೇಳುತ್ತೇನೆ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಊರು ಹಿಡಿಸಿದಾಗ ಇನ್ನೊಬ್ಬರನ್ನು ಎಳೆದುಕೊಂಡು ಹೋಗುವ ಅಗತ್ಯ ಇಲ್ಲ. ವರ್ಷಕ್ಕೆ ಎರಡು ತಿಂಗಳೂ ಒಂದು ಬದುಕೇ.

ಈಗ ನನ್ನ ಬಳಿ ಬರುತ್ತಿರುವ ನಿವೃತ್ತ ಮೇಷ್ಟ್ರೊಬ್ಬರು ಹೀಗೇ ನಡುವೆ ನಿಂತಿದ್ದಾರೆ. ಅವರು ನೋಡಿ ಬಂದ ಊರಲ್ಲಿ ಮಳೆಗಾಲ ಜೋರು. ರಜೆಯಲ್ಲಿ ಹೋದಾಗ ಒಂದು ಹನಿಯೂ ಬಿದ್ದಿರಲಿಲ್ಲ. ಮುಂದಿನ ತಿಂಗಳು, ಸರಿಯಾಗಿ ಮಳೆಯ ನಡುವೆ, ಆರು ವಾರಕ್ಕೆ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದಿದ್ದಾರೆ. ಮೊದಲ ಮೂರು ವಾರ ಒಬ್ಬರೇ. ಆಮೇಲೆ ಹೆಂಡತಿ ಹೋಗುತ್ತಾರೆ, ಹೋಗಲೇಬೇಕು ಅಂತೇನಿಲ್ಲ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ. ಬಿಪಿ ಮಾತ್ರೆಯನ್ನು ಇಲ್ಲಿಂದ ಒಯ್ಯುವುದು ಬೇಡ, ಅಲ್ಲೇ ತೆಗೆದುಕೊಳ್ಳಿ ಎಂದಿದ್ದೇನೆ, ಔಷಧಿ ಅಂಗಡಿ ಎಲ್ಲಿದೆ ಅಂತ ಗೊತ್ತಾಗಲಿ. ದಿನಚರಿ ಬರೆಯಲು ಹೊಸ ನೋಟ್ ಪುಸ್ತಕ ಕೊಂಡಿದ್ದಾರಂತೆ. ಮೊದಲ ಫೋನ್ ಮೂರನೇ ವಾರದ ಮಂಗಳವಾರ ಮಾಡಿ ಎಂದು ಕೇಳಿಕೊಂಡಿದ್ದೇನೆ. ಅವರು ಏನು ಹೇಳುತ್ತಾರೋ ಅಂತ ನಾನೂ ಕಾಯುತ್ತಿದ್ದೇನೆ.