ತೈಲವಿಲ್ಲದ ಸೀಮೆಯಲ್ಲಿ ಪೆಟ್ರೋಲಿಯಂ ಭೂವಿಜ್ಞಾನದ ಓದು

ಪ್ರಶ್ನೆ: ನಾನು ಮದ್ದೂರಿನವಳು. ಮೈಸೂರಿನಲ್ಲಿ ಭೂವಿಜ್ಞಾನವನ್ನು ತೆಗೆದುಕೊಂಡು ಬಿ.ಎಸ್ಸಿ. ಓದುತ್ತಿದ್ದೇನೆ. ತೈಲ ಮತ್ತು ಅನಿಲ ಶೋಧನೆಯ ಕ್ಷೇತ್ರಕ್ಕೆ ಹೋಗುವ ಆಸೆಯಿದೆ. ನಮ್ಮ ಕಡೆ ತೈಲವೇ ಇಲ್ಲದಿರುವಾಗ ಇಲ್ಲಿ ಓದಿ ಪ್ರಯೋಜನವಿದೆಯೇ?

ಉತ್ತರ: ಖಂಡಿತ ಇದೆ. ನಮ್ಮ ಕಡೆ ತೈಲ ಏಕಿಲ್ಲ ಎಂಬುದನ್ನು ಸರಿಯಾಗಿ ತಿಳಿದುಕೊಂಡರೆ ಈ ಶಾಸ್ತ್ರದ ಬುನಾದಿಯೇ ಸಿಕ್ಕಂತೆ. ಕಡಲು, ಸರೋವರಗಳ ತಳದಲ್ಲಿ ಕೆಸರಿನೊಡನೆ ಹೂತುಹೋದ ಸೂಕ್ಷ್ಮಜೀವಿಗಳ ಅವಶೇಷ, ಆ ಕೆಸರು ಶೇಲ್ ಶಿಲೆಯಾಗಿ ಹಲವು ಸಾವಿರ ಅಡಿ ಆಳಕ್ಕೆ ಇಳಿದು ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಲಕ್ಷಾಂತರ ವರ್ಷ ಬೆಂದಾಗ ತೈಲವಾಗುತ್ತದೆ. ಇನ್ನೂ ಹೆಚ್ಚು ಬೆಂದರೆ ಅನಿಲವಾಗುತ್ತದೆ. ಹಾಗೆ ಹುಟ್ಟಿದ ತೈಲವು ಮರಳುಗಲ್ಲಿನಂಥ ರಂಧ್ರಗಳುಳ್ಳ ಶಿಲೆಗೆ ಸರಿದು, ಮೇಲೆ ಬಿಗಿಯಾದ ಮುಚ್ಚಳದ ಪದರವಿದ್ದು, ಪದರಗಳು ಬಾಗಿದ ಮಡಿಕೆಯಲ್ಲೋ, ಅವು ಮುರಿದು ಸರಿದ ಸ್ತರಭಂಗದ ಮಗ್ಗುಲಲ್ಲೋ ಸಿಕ್ಕಿಕೊಂಡರೆ ಮಾತ್ರ ನಿಕ್ಷೇಪವೆನಿಸುತ್ತದೆ. ಮಂಡ್ಯದ ನೆಲದಡಿಯ ನೈಸ್ ಎಂಬ ಗಟ್ಟಿ ಶಿಲೆಯಾದರೋ ಸುಮಾರು 300 ಕೋಟಿ ವರ್ಷ ಹಳೆಯದು, ತೈಲ ಉಳಿಯಲಾರದಷ್ಟು ಶಾಖದಲ್ಲಿ ರೂಪಾಂತರಗೊಂಡದ್ದು.

ಆದರೂ ನಿಮ್ಮೂರಿನಲ್ಲೇ ನೋಡಿ ಕಲಿಯುವುದಿದೆ. ಗದ್ದೆಯಲ್ಲಿ ಬೋರ್ ಕೊರೆಯುವಾಗ ಮೊದಲು ಕೆಮ್ಮಣ್ಣು, ಆಮೇಲೆ ಕೊಳೆತ ಕಲ್ಲು, ಬಳಿಕ ಬೂದುಬಣ್ಣದ ಪುಡಿ ಮೇಲಕ್ಕೆ ಚಿಮ್ಮುತ್ತದೆ. ರಿಗ್ ನಡೆಸುವವರು ಆ ಪುಡಿಯನ್ನು ಬೆರಳಿನಲ್ಲಿ ತಿಕ್ಕಿ ಬಂಡೆ ಬದಲಾದದ್ದನ್ನು ಹೇಳುತ್ತಾರೆ. ತೈಲ ಬಾವಿಯ ಬಳಿ ಕೂರುವ ಭೂವಿಜ್ಞಾನಿಯ ಕೆಲಸವೂ ಅಲ್ಲಿಂದಲೇ ಶುರು. ಅಲ್ಲಿ ಚೂರುಗಳನ್ನು ಮೇಲೆ ತರುವುದು ಗಾಳಿಯಲ್ಲ, ಕೊಳವೆಯೊಳಗೆ ಸುತ್ತುವ ಕೆಸರುದ್ರವ. ಚೂರುಗಳನ್ನು ತೊಳೆದು, ಸೂಕ್ಷ್ಮದರ್ಶಕದಡಿ ನೋಡಿ, ಅತಿನೇರಳೆ ಬೆಳಕು ಹಾಯಿಸಿದಾಗ ತೈಲವಿರುವ ಕಣ ಹೊಳೆಯುತ್ತದೆ. ಬೋರ್ ಕೊರೆಯುವಾಗ ಹತ್ತಡಿಗೊಮ್ಮೆ ಒಂದು ಹಿಡಿ ಪುಡಿಯನ್ನು ಪೊಟ್ಟಣ ಕಟ್ಟಿ, ಆಳ ಬರೆದಿಟ್ಟುಕೊಳ್ಳಿ. ಯಾವ ಪ್ರಯೋಗಾಲಯವೂ ಕೊಡದ ಅಭ್ಯಾಸವಿದು.

ನಮ್ಮ ಗಟ್ಟಿ ಬಂಡೆಯ ಪಾಠ ವ್ಯರ್ಥವೆಂದೂ ತಿಳಿಯಬೇಡಿ. ವಿಯೆಟ್ನಾಮಿನ ಬಾಕ್ ಹೊ ಕ್ಷೇತ್ರದಲ್ಲಿ ತೈಲ ಸಿಗುತ್ತಿರುವುದು ಮುಖ್ಯವಾಗಿ ಗ್ರಾನೈಟಿನ ಬಿರುಕುಗಳಲ್ಲಿ. ಅದು ಗ್ರಾನೈಟಿನಲ್ಲಿ ಹುಟ್ಟಿದ್ದಲ್ಲ, ಪಕ್ಕದ ಪದರಶಿಲೆಗಳಿಂದ ಸರಿದು ಬಂದದ್ದು. ಬಿರುಕುಗಳ ದಿಕ್ಕನ್ನು ಅಳೆಯಲು ಚಾಮುಂಡಿ ಬೆಟ್ಟದ ಮಗ್ಗುಲಲ್ಲಿ ಕಲಿತವರಿಗೆ ಇಂಥ ಕ್ಷೇತ್ರ ಅಪರಿಚಿತವೆನಿಸದು.

ಕೋರ್ಸಿನ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಪದವಿಯಾದ ಕೂಡಲೇ ಹೆಸರಿನಲ್ಲಿ ಪೆಟ್ರೋಲಿಯಂ ಇದೆ ಎಂಬ ಕಾರಣಕ್ಕೆ ದುಬಾರಿ ಕೋರ್ಸಿಗೆ ಸೇರಬೇಡಿ. ಮಾನಸಗಂಗೋತ್ರಿಯಲ್ಲಾಗಲಿ, ಎಂ.ಎಸ್ಸಿ. ಪ್ರವೇಶದ ಜಾಮ್ ಪರೀಕ್ಷೆ ಬರೆದು ಐಐಟಿಯಲ್ಲಾಗಲಿ ಭೂವಿಜ್ಞಾನದ ಎಂ.ಎಸ್ಸಿ. ಮುಗಿಸಿ, ಬೇಕಿದ್ದರೆ ಆಮೇಲೆ ಧನಬಾದಿನ ಐಐಟಿಯಂಥ ಕಡೆ ಎಂ.ಟೆಕ್.ಗೆ ಹೋಗಿ. ಎಂ.ಟೆಕ್. ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ ಭೂವಿಜ್ಞಾನಕ್ಕೂ ಭೂಭೌತವಿಜ್ಞಾನಕ್ಕೂ ಒಂದೇ ಪತ್ರಿಕೆಯಿದ್ದು, ಅದರ ಒಂದು ಭಾಗ ಇಬ್ಬರಿಗೂ ಸಮಾನ. ಆದ್ದರಿಂದ ಗಣಿತ, ಭೌತವಿಜ್ಞಾನಗಳನ್ನು ಕೈಬಿಡಬೇಡಿ. ನೆಲದೊಳಕ್ಕೆ ಕಳುಹಿಸಿದ ಕಂಪನದ ಅಲೆಗಳು ಮರಳಿ ಬಂದು ಮೂಡಿಸುವ ಪದರಗಳ ಚಿತ್ರ ಓದಲು ಅವು ಬೇಕೇ ಬೇಕು.

ನಮ್ಮಲ್ಲಿಲ್ಲದ ಪದರಶಿಲೆಗಳನ್ನು ಮಾತ್ರ ಹೋಗಿಯೇ ನೋಡಬೇಕು. ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ನದಿಯ ಹೆಸರನ್ನೇ ಹೊತ್ತ ಕಾವೇರಿ ಬೇಸಿನ್, ಅಂದರೆ ಪದರಶಿಲೆಗಳು ತುಂಬಿಕೊಂಡ ತಗ್ಗು, ತಮಿಳುನಾಡಿನಲ್ಲಿದೆ. ಅಲ್ಲಿ ನರಿಮಣಂ ಸುತ್ತಮುತ್ತ ತೈಲ ತೆಗೆಯುತ್ತಾರೆ. ಅದೇ ಬೇಸಿನ್ನಿನ, ಡೈನೋಸಾರ್‌ಗಳ ಕಾಲದ ಕೊನೆಯ ಘಟ್ಟವಾದ ಕ್ರಿಟೇಷಿಯಸ್ ಯುಗದ ಪದರಗಳು ಅರಿಯಲೂರು, ಕಾರೈ ಬಳಿ ಬಯಲಿನಲ್ಲೇ ತೆರೆದುಕೊಂಡಿದ್ದು, ಶೇಲ್, ಮರಳುಗಲ್ಲು, ಕಡಲಜೀವಿಗಳ ಪಳೆಯುಳಿಕೆ ಎಲ್ಲವೂ ಕೈಗೆಟಕುತ್ತವೆ. ಮುಂದಿನ ರಜೆಯಲ್ಲಿ ನಾಲ್ಕು ಮಂದಿ ಸಹಪಾಠಿಗಳು ಸೇರಿ, ಅಧ್ಯಾಪಕರೊಬ್ಬರನ್ನು ಒಪ್ಪಿಸಿ, ಸುತ್ತಿಗೆ, ಭೂತಗನ್ನಡಿ, ಒಂದು ಬಾಟಲಿ ನೀರು ಹಿಡಿದು ಹೊರಡಿ. ಅಲ್ಲಿನ ಮರಳುಗಲ್ಲಿನ ಮೇಲೊಂದು ಹನಿ, ನಿಮ್ಮೂರಿನ ಜಲ್ಲಿಕಲ್ಲಿನ ಮೇಲೊಂದು ಹನಿ ಹಾಕಿ, ಯಾವುದು ಇಂಗುತ್ತದೆ ಎಂದು ನೋಡಿ.