ಸೆಕೆಂಡ್ ಹ್ಯಾಂಡ್ ರೀಲ್ ಕ್ಯಾಮೆರಾ: ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ನೋಡಬೇಕಾದ್ದು

ರೀಲ್ ಕ್ಯಾಮೆರಾದ, ಅಂದರೆ ಫಿಲ್ಮ್ ರೀಲು ಹಾಕಿ ಫೋಟೋ ತೆಗೆಯುವ ಹಳೇ ಕ್ಯಾಮೆರಾದ, ಹುಚ್ಚು ಹತ್ತಿ ಒಂದೂವರೆ ವರ್ಷವಾಯಿತು. ಅಷ್ಟರಲ್ಲಿ ಮೂರು ಕ್ಯಾಮೆರಾ ಕೊಂಡೆ. ಒಂದು ಈಗ ಕಪಾಟಿನಲ್ಲಿ ಶೋಪೀಸು, ಇನ್ನೊಂದನ್ನು ಬಂದಷ್ಟಕ್ಕೆ ಮಾರಿದೆ, ಮೂರನೆಯದು ಮಾತ್ರ ಕೆಲಸ ಮಾಡುತ್ತಿದೆ. ಮೊದಲ ಎರಡಕ್ಕೆ ಸುರಿದ ದುಡ್ಡಿಗೆ ಸಿಕ್ಕಿದ ಪಾಠ ಈ ಟಿಪ್ಪಣಿ. ನನ್ನ ಹಾಗೆ ಈಗ ಶುರು ಮಾಡುತ್ತಿರುವವರಿಗಾಗಿ ಬರೆದಿದ್ದೇನೆ.

ಮೊದಲು ಖರ್ಚಿನ ಮಾತು ಮುಗಿಸಿಬಿಡೋಣ. ಕ್ಯಾಮೆರಾಗೆ ಒಮ್ಮೆ ಕೊಡುತ್ತೀರಿ, ರೀಲಿಗೆ ಪ್ರತಿ ಸಲ ಕೊಡುತ್ತೀರಿ. 36 ಫ್ರೇಮಿನ ಒಂದು ಕಲರ್ ರೀಲು ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸಿ, ಕೊರಿಯರ್ ಖರ್ಚನ್ನೂ ಸೇರಿಸಿದರೆ ನನಗೆ 1,500 ರೂಪಾಯಿ ದಾಟುತ್ತದೆ. ಅಂದರೆ ಒಂದು ಸಲ ಬಟನ್ ಒತ್ತಿದರೆ 40 ರೂಪಾಯಿ ಹೋಯಿತು. ಆದ್ದರಿಂದ ಕೈಯಲ್ಲಿರುವ ದುಡ್ಡನ್ನೆಲ್ಲ ಕ್ಯಾಮೆರಾಗೆ ಸುರಿದು ಆಮೇಲೆ ರೀಲಿಗೆ ಪರದಾಡಬೇಡಿ. ಹತ್ತು ಸಾವಿರ ಇದ್ದರೆ ಐದು ಸಾವಿರದ ಕ್ಯಾಮೆರಾ ಹುಡುಕಿ. ಉಳಿದದ್ದು ಮೂರು ರೀಲಿಗೆ ಸಾಕು.

ಹುಡುಕಾಟ ಮನೆಯ ಅಟ್ಟದಿಂದಲೇ ಶುರುವಾಗಲಿ. ಅತ್ತೆ, ದೊಡ್ಡಪ್ಪ, ಊರಿನ ಹಳೇ ಸ್ಟುಡಿಯೋದವರು, ಎಲ್ಲರನ್ನೂ ಕೇಳಿ. ಸಾಮಾನ್ಯವಾಗಿ ಸಿಗುವುದು ಯಾಶಿಕಾ ಎಂಎಫ್-2, ಕೊಡಕ್ ಕೆಬಿ-10 ತರಹದ ಪ್ಲಾಸ್ಟಿಕ್ ಡಬ್ಬಿಗಳು. ನಮ್ಮ ಬಾಲ್ಯದ ಹುಟ್ಟುಹಬ್ಬಗಳೆಲ್ಲ ಇಂಥವುಗಳಲ್ಲೇ ದಾಖಲಾಗಿವೆ. ಇವುಗಳಲ್ಲಿ ಫೋಕಸ್ ತಿರುಗಿಸಲು ಬರುವುದಿಲ್ಲ, ಸ್ಪೀಡ್, ಅಂದರೆ ಬೆಳಕು ಒಳಬಿಡುವ ಹೊತ್ತು, ಬದಲಿಸಲು ಬರುವುದಿಲ್ಲ. ಮೋಜಿಗೆ ಒಂದು ರೀಲು ಹಾಕಬಹುದು, ಆದರೆ ಬೆಳಕಿನ ಲೆಕ್ಕ ಕಲಿಯಲು ಆಗದು. ಅದೃಷ್ಟವಿದ್ದರೆ ಆಗ್ಫಾ ಕ್ಲಿಕ್-III ಸಿಕ್ಕೀತು. ನೋಡಲು ಚೆಂದ, ಆದರೆ ಅದಕ್ಕೆ ಬೇಕಿರುವುದು ಅಗಲವಾದ 120 ರೀಲು, ಒಂದು ರೀಲಿಗೆ ಹನ್ನೆರಡೇ ಚೌಕ ಚಿತ್ರ. ಕಲಿಯುವ ಹಂತದಲ್ಲಿ ಮಾಮೂಲಿ 35 ಎಂಎಂ ರೀಲು ಬಿಟ್ಟು ಬೇರೆಡೆ ಹೋಗಬೇಡಿ.

ಬ್ಯಾಟರಿ ಸತ್ತರೂ ನಡೆಯುವುದು, ಬ್ಯಾಟರಿ ಸತ್ತರೆ ಸಾಯುವುದು

ಮಾಡೆಲ್ ಹೆಸರು ಉರು ಹೊಡೆಯುವುದಕ್ಕಿಂತ ಈ ಒಂದು ವ್ಯತ್ಯಾಸ ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಪೂರ್ತಿ ಮೆಕ್ಯಾನಿಕಲ್ ಕ್ಯಾಮೆರಾದಲ್ಲಿ ಶಟರ್ (ಬಟನ್ ಒತ್ತಿದಾಗ ತೆರೆದು ಮುಚ್ಚಿ ರೀಲಿಗೆ ಬೆಳಕು ಬಿಡುವ ಪರದೆ) ಓಡುವುದು ಸ್ಪ್ರಿಂಗು, ಗಿಯರುಗಳಿಂದ. ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಮೀಟರ್ ಕೆಟ್ಟರೂ ಫೋನಿನಲ್ಲಿ ಲೈಟ್ ಮೀಟರ್ ಆ್ಯಪ್ ಹಾಕಿಕೊಂಡು ಫೋಟೋ ತೆಗೆಯಬಹುದು. ಎಲೆಕ್ಟ್ರಾನಿಕ್ ಶಟರಿನ ಕ್ಯಾಮೆರಾದಲ್ಲಿ ಒಳಗಿನ ಸರ್ಕ್ಯೂಟ್ ಸುಟ್ಟರೆ ಬಿಡಿಭಾಗ ಸಿಗದು, ಅಲ್ಲಿಗೆ ಅದರ ಕಥೆ ಮುಗಿಯಿತು.

ಮೆಕ್ಯಾನಿಕಲ್ ಸಾಲಿನಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು ಪೆಂಟಾಕ್ಸ್ ಕೆ1000. 1976ರಿಂದ 1997ರವರೆಗೆ ಬಂತು, ಗಟ್ಟಿಮುಟ್ಟಾದ ಕ್ಯಾಮೆರಾ. ಆದರೆ ಹೆಸರಿನ ಜೊತೆ ಬೆಲೆಯೂ ಏರಿದೆ. ಅದರ ಮೀಟರಿಗೆ ಸ್ವಿಚ್ಚೇ ಇಲ್ಲ. ಲೆನ್ಸಿನ ಮುಚ್ಚಳ ಹಾಕದೆ ಇಟ್ಟರೆ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ. ನಿಕಾನ್ ಎಫ್‌ಎಂ10 ಹಗುರ, ಹೊರಮೈ ಪ್ಲಾಸ್ಟಿಕ್ಕು. ಹೆಸರು ನಿಕಾನಿನದಾದರೂ ತಯಾರಿಸಿದ್ದು ಕೊಸಿನಾ ಕಂಪನಿ. ಅದೇ ಕೊಸಿನಾದಿಂದ ಬಂದ ಯಾಶಿಕಾ ಎಫ್‌ಎಕ್ಸ್-3 ಸೂಪರ್ 2000 ನನ್ನ ಮೂರನೆಯ ಕ್ಯಾಮೆರಾ. ಮೈಮೇಲಿನ ಕರಿ ತೊಗಲು ಹಪ್ಪಳದಂತೆ ಉದುರುತ್ತದೆ, ಅದು ಈ ಮಾಡೆಲಿನ ಜಾತಿ ರೋಗ. ಆ ಉದುರುವ ತೊಗಲಿನಿಂದಲೇ ನನಗೆ ಅಗ್ಗಕ್ಕೆ ಸಿಕ್ಕಿತು. ರಷ್ಯಾದ ಜೆನಿಟ್-ಇ ಇನ್ನೂ ಅಗ್ಗ, ತೂಕ ಮಾತ್ರ ಒಂದು ಕಲ್ಲಿನಷ್ಟು. ಸೆಕೆಂಡಿನ 1/30 ಭಾಗಕ್ಕಿಂತ ನಿಧಾನದ ಸ್ಪೀಡ್ ಇಲ್ಲ, 1/500ಕ್ಕಿಂತ ವೇಗದ್ದೂ ಇಲ್ಲ. ಅದರ ಜೊತೆ ಬರುವ ಹೀಲಿಯೋಸ್ ಲೆನ್ಸಿನ ಆಸೆಗೇ ಅದನ್ನು ಕೊಳ್ಳುವವರಿದ್ದಾರೆ.

ಬ್ಯಾಟರಿ ನಂಬಿದವುಗಳಲ್ಲಿ ಪ್ರಸಿದ್ಧವಾದದ್ದು 1976ರ ಕ್ಯಾನನ್ ಎಇ-1. ಆರು ವೋಲ್ಟಿನ ಬ್ಯಾಟರಿ ಹೋದರೆ ಶಟರ್ ಬೀಳುವುದೇ ಇಲ್ಲ. ಬಟನ್ ಒತ್ತಿದಾಗ ಕೀಚ್ ಎಂದು ಕೆಮ್ಮಿದ ಹಾಗೆ ಸದ್ದು ಬಂದರೆ ಕನ್ನಡಿ ಎತ್ತುವ ಗಿಯರಿನ ಎಣ್ಣೆ ಒಣಗಿದೆ ಎಂದರ್ಥ. ಸರ್ವಿಸ್ ಮಾಡಿಸಬಹುದು, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಯಾಶಿಕಾ ಎಲೆಕ್ಟ್ರೋ 35ರ 45 ಎಂಎಂ ಲೆನ್ಸ್ ನಿಜಕ್ಕೂ ಸೊಗಸು, ಆದರೆ ಅದರ ಮೂಲ ಪಾದರಸದ ಬ್ಯಾಟರಿ ಈಗ ತಯಾರಾಗುತ್ತಿಲ್ಲ, ಅಡಾಪ್ಟರ್ ಬೇಕು. ರೀಲು ಮುಂದೆ ಎಳೆಯುವಾಗ ಒಳಗಿಂದ ‘ಟಕ್’ ಎಂಬ ಸದ್ದು ಕೇಳದಿದ್ದರೆ ಒಳಗಿನ ರಬ್ಬರ್ ಪ್ಯಾಡ್ ಕರಗಿಹೋಗಿದೆ, ಎಕ್ಸ್‌ಪೋಶರ್, ಅಂದರೆ ರೀಲಿಗೆ ಬೀಳುವ ಬೆಳಕಿನ ಪ್ರಮಾಣ, ತಪ್ಪುತ್ತದೆ. ನನ್ನ ಕಪಾಟಿನ ಶೋಪೀಸು ಇದೇ. ಮಾರಿದವರು ‘ಫುಲ್ ವರ್ಕಿಂಗ್’ ಅಂದರು, ನಾನು ಸದ್ದು ಕೇಳಿಸಿಕೊಳ್ಳಲಿಲ್ಲ.

ಒಲಿಂಪಸ್ ಟ್ರಿಪ್ 35ಕ್ಕೆ ಬ್ಯಾಟರಿಯೇ ಬೇಡ. ಲೆನ್ಸಿನ ಸುತ್ತ ಗುಳ್ಳೆ ಗುಳ್ಳೆಯಾಗಿ ಕಾಣುವ ಸೆಲೆನಿಯಂ ಉಂಗುರ ಬೆಳಕಿನಿಂದಲೇ ಕರೆಂಟ್ ಹುಟ್ಟಿಸುತ್ತದೆ. ಪರೀಕ್ಷೆ ಸುಲಭ: ‘ಎ’ಯಲ್ಲಿ (ಆಟೋ) ಇಟ್ಟು ಲೆನ್ಸನ್ನು ಅಂಗೈಯಿಂದ ಮುಚ್ಚಿ ಬಟನ್ ಒತ್ತಿ. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಕೆಂಪು ಪಟ್ಟಿ ಎದ್ದು ಶಟರ್ ನಿಲ್ಲಬೇಕು. ಕೈ ತೆಗೆದು ಬಿಸಿಲಿಗೆ ಹಿಡಿದರೆ ಶಟರ್ ಬೀಳಬೇಕು. ಎರಡೂ ಆದರೆ ಸೆಲ್ಲಿಗೆ ಇನ್ನೂ ಜೀವ ಇದೆ.

ಮನೆಯಲ್ಲಿ ಕ್ಯಾನನ್ ಡಿಎಸ್‌ಎಲ್‌ಆರ್ ಇದ್ದವರಿಗೆ ಒಂದು ಒಳದಾರಿ ಇದೆ. 1987ರಿಂದ ಬಂದ ಇಓಎಸ್ ಫಿಲ್ಮ್ ಕ್ಯಾಮೆರಾಗಳಿಗೆ ನಿಮ್ಮ ಇಎಫ್ ಲೆನ್ಸ್ ಹಾಗೇ ಕೂರುತ್ತದೆ, ಇಎಫ್-ಎಸ್ ಕೂರುವುದಿಲ್ಲ. ಈ ಪ್ಲಾಸ್ಟಿಕ್ ಬಾಡಿಗಳನ್ನು ಕೇಳುವವರಿಲ್ಲದ್ದರಿಂದ ನೀರಿನ ಬೆಲೆಗೆ ಸಿಗುತ್ತವೆ. ಆದರೆ ಹಿಂಬಾಗಿಲು ತೆಗೆದು ಶಟರಿನ ರೆಕ್ಕೆಗಳ ಮೇಲೆ ಡಾಂಬರಿನಂಥ ಅಂಟು ಇದೆಯೇ ನೋಡಿ. ಹಲವು ಇಓಎಸ್‌ಗಳಲ್ಲಿ ಒಳಗಿನ ರಬ್ಬರು ಕರಗಿ ಹೀಗಾಗುತ್ತದೆ. ನಿಕಾನಿನವರು ಗಮನಿಸಬೇಕಾದ್ದು ಬೇರೆ: ಅಪರ್ಚರ್, ಅಂದರೆ ಬೆಳಕು ಬಿಡುವ ತೂತು, ಹಿಗ್ಗಿಸಿ ಕುಗ್ಗಿಸುವ ಉಂಗುರವಿಲ್ಲದ ‘ಜಿ’ ಲೆನ್ಸ್ ಎಫ್‌ಎಂ10ರ ಮೇಲೆ ಕೂತರೂ ಅಪರ್ಚರ್ ನಿಮ್ಮ ಕೈಯಲ್ಲಿರುವುದಿಲ್ಲ, ಅತಿ ಚಿಕ್ಕ ತೂತಿನಲ್ಲೇ ನಿಲ್ಲುತ್ತದೆ.

ಟಾರ್ಪಾಲಿನ ಮುಂದೆ ಹತ್ತು ನಿಮಿಷ

ಬೆಂಗಳೂರಿನ ಬಿವಿಕೆ ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್. ನೆಲಕ್ಕೆ ಹಾಸಿದ ನೀಲಿ ಟಾರ್ಪಾಲಿನ ಮೇಲೆ ಹಳೇ ರಿಮೋಟು, ಚಾರ್ಜರು, ಮಿಕ್ಸಿ ಜಾರುಗಳ ನಡುವೆ ಎರಡು ಕ್ಯಾಮೆರಾ. ಕೈಗೆತ್ತಿಕೊಂಡ ಕೂಡಲೇ ಅಂಗಡಿಯವರು ಅಂದರು: “ಜಪಾನ್ ಮಾಲು ಸಾರ್, ಕಣ್ಮುಚ್ಕೊಂಡು ತಗೊಳ್ಳಿ.” “ಕಣ್ಮುಚ್ಚಿದ್ರೆ ಬೂಷ್ಟು ಕಾಣಲ್ವಲ್ಲ ಯಜಮಾನ್ರೇ” ಅಂದೆ. ನಕ್ಕು ಒಂದು ಸ್ಟೂಲು ಕೊಟ್ಟರು. ಕೂತು ನೋಡಲು ಬಿಡುವವರ ಹತ್ತಿರ ಮಾತ್ರ ಕೊಳ್ಳಿ.

ಮೊದಲು ಲೆನ್ಸ್. ಬಿಚ್ಚಿ, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಫೋನಿನ ಟಾರ್ಚ್ ಹಾಕಿ ಓರೆಯಾಗಿ ನೋಡಿ. ಧೂಳಿನ ಚುಕ್ಕೆಗಳು ಎಲ್ಲದರಲ್ಲೂ ಇರುತ್ತವೆ, ಚಿತ್ರಕ್ಕೆ ಅವುಗಳಿಂದ ತೊಂದರೆಯಿಲ್ಲ. ಜೇಡರ ಬಲೆಯಂತೆ ಕವಲೊಡೆದ ಬಿಳಿ ಎಳೆಗಳು ಕಂಡರೆ ಅದು ಬೂಷ್ಟು. ಮಲೆನಾಡಿನ, ಕರಾವಳಿಯ ಮಳೆಗಾಲ ಕಂಡ ಲೆನ್ಸಿನಲ್ಲಿ ಇದು ಮಾಮೂಲು. ಅಂಚಿನಲ್ಲಿ ಚೂರು ಇದ್ದರೆ ಬಿಚ್ಚಿ ಒರೆಸಬಹುದು. ನಡುವಿನವರೆಗೆ ಹಬ್ಬಿದ್ದರೆ ಗಾಜಿನ ಲೇಪನವನ್ನೇ ತಿಂದಿರುತ್ತದೆ, ಒರೆಸಿದರೂ ಕಲೆ ಉಳಿಯುತ್ತದೆ. ಇಡೀ ಗಾಜು ಹಾಲು ಬೆರೆಸಿದಂತೆ ಮಂಕಾಗಿದ್ದರೆ ಕೆಳಗಿಡಿ. ಅಂದ ಹಾಗೆ, ಜೊತೆಗೆ ಹಳೇ ಚರ್ಮದ ಕೇಸ್ ಬಂದರೆ ಹಿಗ್ಗಬೇಡಿ, ತೇವ ಹಿಡಿದಿಟ್ಟು ಬೂಷ್ಟು ಸಾಕುವುದೇ ಅದು. ಮನೆಗೆ ಬಂದ ಮೇಲೆ ಕ್ಯಾಮೆರಾದ ಜಾಗ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ.

ಆಮೇಲೆ ಅಪರ್ಚರಿನ ಎಸಳುಗಳು. ಲೆನ್ಸಿನ ಹಿಂದಿನ ಪುಟ್ಟ ಕಡ್ಡಿಯನ್ನು ಬೆರಳಿನಿಂದ ಸರಿಸಿ ಬಿಟ್ಟರೆ ಎಸಳುಗಳು ರೆಪ್ಪೆ ಬಡಿದಂತೆ ಚಕ್ಕನೆ ಮುಚ್ಚಿ ತೆರೆಯಬೇಕು. ಎಣ್ಣೆ ಜಿನುಗಿ ಸೋಮಾರಿಯಾಗಿದ್ದರೆ ಫೋಟೋಗೆ ಬೇಕಾದ್ದಕ್ಕಿಂತ ಹೆಚ್ಚು ಬೆಳಕು ಬೀಳುತ್ತದೆ.

ಈಗ ಶಟರ್. ಹಿಂಬಾಗಿಲು ತೆರೆದು, ಕ್ಯಾಮೆರಾವನ್ನು ಆಕಾಶದ ಕಡೆ ಹಿಡಿದು, ಒಂದು ಸೆಕೆಂಡಿನಿಂದ ಶುರು ಮಾಡಿ ಒಂದೊಂದೇ ಸ್ಪೀಡ್ ಏರಿಸುತ್ತ ಹೋಗಿ. ಪರದೆಗೆ ಬೆರಳು ತಾಗಿಸಬೇಡಿ. ಪ್ರತಿ ಹೆಜ್ಜೆಗೂ ಅವಧಿ ಅರ್ಧವಾಗುವುದು ಕಿವಿಗೇ ಗೊತ್ತಾಗಬೇಕು. ನಿಧಾನದ ಸ್ಪೀಡುಗಳಲ್ಲಿ ಗರಗರ ಎಂದು ಅರ್ಧಕ್ಕೆ ನಿಂತರೆ ಗಿಯರಿನ ಜಿಡ್ಡು ಗಟ್ಟಿಯಾಗಿದೆ. ಸಂಶಯವಿದ್ದರೆ ಫೋನಿನ ಸ್ಲೋ ಮೋಶನ್ ಇದೆ. ಸೆಕೆಂಡಿಗೆ 240 ಫ್ರೇಮಿನಲ್ಲಿ ವಿಡಿಯೋ ಮಾಡಿ, ಬೆಳಕು ಕಂಡ ಫ್ರೇಮುಗಳನ್ನು ಎಣಿಸಿ. 1/8ಕ್ಕೆ 30, 1/30ಕ್ಕೆ 8, 1/60ಕ್ಕೆ 4 ಬರಬೇಕು. 1/125ರ ಮೇಲೆ ಈ ಎಣಿಕೆ ನಂಬುವಂತಿಲ್ಲ, ಅದಕ್ಕೆ ಟೆಸ್ಟ್ ರೀಲೇ ಆಗಬೇಕು. ಸೆಲ್ಫ್ ಟೈಮರ್ ಮಾತ್ರ ಮುಟ್ಟಬೇಡಿ. ಹಳೇ ಕ್ಯಾಮೆರಾಗಳಲ್ಲಿ ಅದು ನಡುವೆ ಸಿಕ್ಕಿಕೊಂಡರೆ ಇಡೀ ಶಟರನ್ನೇ ಕಟ್ಟಿಹಾಕಬಹುದು.

ಹಿಂಬಾಗಿಲಿನ ಅಂಚಿನ ಕಾಲುವೆಗಳಲ್ಲಿ ಬೆಳಕು ನುಗ್ಗದಂತೆ ತಡೆಯುವ ಕಪ್ಪು ಫೋಮ್ ಇರುತ್ತದೆ. ಮೂವತ್ತು ನಲವತ್ತು ವರ್ಷಕ್ಕೆ ಅದು ಬೆಲ್ಲದ ಪಾಕದ ಹಾಗೆ ಅಂಟಂಟಾಗುತ್ತದೆ. ಬೆರಳಿಗೆ ಕಪ್ಪು ಹತ್ತಿದರೆ ಮುಖ ಸಿಂಡರಿಸಿ ಬೆಲೆ ಇಳಿಸಿಕೊಳ್ಳಿ, ಒಳಗೊಳಗೇ ಖುಷಿಪಡಿ. ಯಾಕೆಂದರೆ ಇದು ಮನೆಯಲ್ಲೇ ಆಗುವ ರಿಪೇರಿ: ಹಳೆಯದನ್ನು ಕಡ್ಡಿಯಿಂದ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಕಾಲುವೆಗೆ ಕಪ್ಪು ಉಲ್ಲನ್ ದಾರ ಕೂರಿಸಿದರೂ ನಡೆಯುತ್ತದೆ.

ಬ್ಯಾಟರಿ ಮುಚ್ಚಳವನ್ನು ನಾಣ್ಯದಿಂದ ತಿರುಗಿಸಿ ನೋಡಿ. ಒಳಗೆ ಹಸಿರು ಕಿಲುಬು ತೆಳುವಾಗಿದ್ದರೆ ವಿನೆಗರ್ ಅದ್ದಿದ ಹತ್ತಿಗೆ ಬಿಡುತ್ತದೆ, ವೈರನ್ನೇ ತಿಂದಿದ್ದರೆ ಮೀಟರನ್ನು ಮರೆತುಬಿಡಿ. ಮೀಟರ್ ನೋಡಲು ಎರಡು ಎಲ್‌ಆರ್44 ಬ್ಯಾಟರಿ ಜೇಬಿನಲ್ಲಿಟ್ಟುಕೊಂಡೇ ಹೋಗಿ, “ಸೆಲ್ ಹಾಕಿದ್ರೆ ನಡೆಯುತ್ತೆ” ಅನ್ನುವ ಮಾತಿಗೆ ಅದೇ ಉತ್ತರ. 1.35 ವೋಲ್ಟಿನ ಪಾದರಸದ ಸೆಲ್ಲಿಗೆಂದು ಮಾಡಿದ ಕ್ಯಾಮೆರಾಗೆ ಈಗಿನ 1.5 ವೋಲ್ಟಿನದು ಹಾಕಿದರೆ ಮೀಟರ್ ಸುಳ್ಳು ಹೇಳಬಹುದು. ಫೋನಿನ ಆ್ಯಪ್ ಜೊತೆ ಹೋಲಿಸಿ ಎಷ್ಟು ವ್ಯತ್ಯಾಸ ಎಂದು ಬರೆದಿಟ್ಟುಕೊಂಡರೆ ಸಾಕು.

ಕಿಂಡಿಯೊಳಗಿನ ಧೂಳು, ಮೈಮೇಲಿನ ಗೀರು, ಫಿಲ್ಟರ್ ಉಂಗುರದ ಜಜ್ಜು, ಇವೆಲ್ಲ ಚೌಕಾಸಿಯ ಸಾಮಗ್ರಿ. ಆನ್‌ಲೈನಿನಲ್ಲಿ ಕೊಳ್ಳುವಾಗ ಇದ್ಯಾವುದಕ್ಕೂ ಅವಕಾಶವಿಲ್ಲ. ಅಲ್ಲಿ ಶಟರ್ ಬೀಳುವ ವಿಡಿಯೋ, ಟಾರ್ಚ್ ಹಾಕಿದ ಲೆನ್ಸಿನ ಫೋಟೋ ಕೇಳಿ. ‘ಟೆಸ್ಟ್ ಮಾಡಿಲ್ಲ’ ಎಂದು ಬರೆದಿದ್ದರೆ ನಾನಂತೂ ‘ಟೆಸ್ಟ್ ಮಾಡಿದೆವು, ಫೇಲಾಯಿತು’ ಎಂದೇ ಓದಿಕೊಳ್ಳುತ್ತೇನೆ.

ಟೆಸ್ಟ್ ರೀಲು

ಕೆಲವರು ಕ್ಯಾಮೆರಾ ಜೊತೆ ಅವಧಿ ಮುಗಿದ ರೀಲನ್ನು ಪುಕ್ಕಟೆ ಕೊಡುತ್ತಾರೆ. ನನಗೊಮ್ಮೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ರೀಲು ಸಿಕ್ಕಿತ್ತು. ನೆನಪಿಗೆ ಇಟ್ಟುಕೊಳ್ಳಿ, ಪರೀಕ್ಷೆಗೆ ಹಾಕಬೇಡಿ. ಚಿತ್ರ ಕೆಟ್ಟು ಬಂದರೆ ತಪ್ಪು ರೀಲಿನದೋ ಕ್ಯಾಮೆರಾದ್ದೋ ಗೊತ್ತಾಗುವುದಿಲ್ಲ. ಹೊಸ ರೀಲೇ ಆಗಲಿ, 200 ಐಎಸ್‌ಒ (ರೀಲು ಬೆಳಕಿಗೆ ಎಷ್ಟು ಚುರುಕು ಎಂಬ ಅಂಕಿ) ಸಾಕು.

ಹಾಕಿದ ಮೇಲೆ ಒಂದು ಮಾತು ಮರೆಯಬೇಡಿ: ಮುಂದೆ ಎಳೆದಾಗ ಎಡಗಡೆಯ ರಿವೈಂಡ್ ಗುಬಟು ತಿರುಗಬೇಕು. ತಿರುಗದಿದ್ದರೆ ರೀಲು ಹಲ್ಲಿಗೆ ಸಿಕ್ಕಿಲ್ಲ. ನನ್ನ ಮೊದಲ ರೀಲಿನಲ್ಲಿ, ಊರಿನ ತೇರಿನ ದಿನ, ಕೌಂಟರ್ 36 ದಾಟಿ 38, 39 ಅಂತ ಹೋಗುತ್ತಲೇ ಇತ್ತು. ಹೆಚ್ಚಿಗೆ ಮೂರು ಫೋಟೋ ಸಿಕ್ಕವೆಂದು ಬೀಗಿದೆ. ಲ್ಯಾಬಿನಿಂದ ಬಂದದ್ದು ಕನ್ನಡಕದ ಗಾಜಿನಂತೆ ಶುಭ್ರವಾದ ಪಟ್ಟಿ.

ನಡುಹಗಲಿನ ಬಿಸಿಲಿನಲ್ಲಿ ಅಪರ್ಚರ್ ಎಫ್/16 (ಅಂಕಿ ದೊಡ್ಡದಾದಷ್ಟು ತೂತು ಚಿಕ್ಕದು) ಇಟ್ಟು, ಸ್ಪೀಡನ್ನು ರೀಲಿನ ಐಎಸ್‌ಒಗೆ ಹತ್ತಿರದ ಸಂಖ್ಯೆಗೆ ಇಟ್ಟರೆ ಎಕ್ಸ್‌ಪೋಶರ್ ಸರಿಯಾಗಿರುತ್ತದೆ ಎಂಬುದು ಹಳೆಯ ಲೆಕ್ಕ. 200ರ ರೀಲಿಗೆ ಎಫ್/16, 1/250. ಬಿಸಿಲು ಬಿದ್ದ ಒಂದೇ ಗೋಡೆಯನ್ನು ಇದರಲ್ಲಿ ತೆಗೆಯಿರಿ, ಆಮೇಲೆ ಎಫ್/11ಕ್ಕೆ 1/500, ಎಫ್/8ಕ್ಕೆ 1/1000. ಬೀಳುವ ಬೆಳಕು ಮೂರರಲ್ಲೂ ಒಂದೇ. ನಂತರ ನೆರಳಿನ ಗೋಡೆ: ಎಫ್/5.6ಕ್ಕೆ 1/250, ಎಫ್/8ಕ್ಕೆ 1/125, ಎಫ್/11ಕ್ಕೆ 1/60, ಎಫ್/16ಕ್ಕೆ 1/30. ಕೊನೆಯದಕ್ಕೆ ಕ್ಯಾಮೆರಾವನ್ನು ಕಿಟಕಿಯ ಕಟ್ಟೆಗೆ ಒರಗಿಸಿ. ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ. ಉಳಿದ ಫ್ರೇಮುಗಳಲ್ಲಿ ಮನೆಯವರ ಫೋಟೋ ತೆಗೆಯಿರಿ, 40 ರೂಪಾಯಿಯ ಗೋಡೆ ಎಷ್ಟೂಂತ ತೆಗೆಯುವುದು.

ರೀಲು ತೊಳೆದು ಬಂದಾಗ ಸ್ಕ್ಯಾನ್ ನೋಡಿ ತೀರ್ಮಾನಿಸಬೇಡಿ. ಸ್ಕ್ಯಾನರು ಎಲ್ಲ ಫ್ರೇಮನ್ನೂ ಒಂದೇ ಹದಕ್ಕೆ ತಂದು ಶಟರಿನ ತಪ್ಪನ್ನು ಮುಚ್ಚಿಹಾಕುತ್ತದೆ. ನೆಗೆಟಿವ್ ಪಟ್ಟಿಯನ್ನೇ ವಾಪಸ್ ತರಿಸಿಕೊಂಡು ಕಿಟಕಿಗೆ ಹಿಡಿಯಿರಿ. ಒಂದೇ ಗೋಡೆಯ ಫ್ರೇಮುಗಳೆಲ್ಲ ಒಂದೇ ಗಾಢತೆಯಲ್ಲಿದ್ದರೆ ಶಟರ್ ಸರಿ ಇದೆ. ಎಲ್ಲವೂ ಒಂದು ಸ್ಟಾಪ್ (ಎರಡು ಪಟ್ಟು ಬೆಳಕು ಬಿದ್ದಷ್ಟು) ಗಾಢವಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಕಲರ್ ನೆಗೆಟಿವ್ ಅಷ್ಟನ್ನು ತಾಳಿಕೊಳ್ಳುತ್ತದೆ. ಫ್ರೇಮಿನ ಒಂದು ಅಂಚು ಮಾತ್ರ ತೆಳುವಾಗಿದ್ದರೆ ಶಟರಿನ ಎರಡು ಪರದೆಗಳ ಓಟ ಹೊಂದುತ್ತಿಲ್ಲ.

ನನ್ನ ಎಫ್‌ಎಕ್ಸ್-3ರಲ್ಲಿ ಆದದ್ದು ಇದೇ. 1/1000ದವರೆಗೆ ಎಲ್ಲ ಫ್ರೇಮೂ ಸಮ, 1/2000ದಲ್ಲಿ ಮಾತ್ರ ಒಂದು ಅಂಚು ಮಬ್ಬು. ರಿಪೇರಿಗೆ ಕೊಡಲಿಲ್ಲ. ತಂಗಿಯ ಕೆಂಪು ನೇಲ್ ಪಾಲಿಶ್ ತಂದು ಡಯಲಿನ 2000ದ ಮೇಲೆ ಒಂದು ಚುಕ್ಕೆ ಇಟ್ಟೆ.