ಎರಡು ವರ್ಷದ ಕೂಸಿಗೆ ಸಂಡಾಸ ಗಟ್ಟಿ: ಔಷಧ ಕೊಟ್ಟರೆ ರೂಢಿ ಬೀಳುತ್ತದೆಯೇ?

ಪ್ರಶ್ನೆ: ನಮ್ಮ ಮಗಳಿಗೆ ಎರಡು ವರ್ಷ ಮೂರು ತಿಂಗಳು, ತೂಕ 11 ಕಿಲೊ. ನಾಕೈದು ದಿನಕ್ಕೊಮ್ಮೆ ಸಂಡಾಸ ಮಾಡ್ತಾಳ, ಅದೂ ಕಲ್ಲಿನಂಗ ಗಟ್ಟಿ. ಬಾಗಿಲ ಹಿಂದ ಹೋಗಿ, ಕಾಲು ಬಿಗಿ ಹಿಡಕೊಂಡು, ಮಾರಿ ಕೆಂಪಗ ಮಾಡಿ ಎಷ್ಟು ತಿಣುಕಿದ್ರೂ ಬರೂದಿಲ್ಲ, ಅಳ್ತಾಳ. ಎಮ್ಮಿ ಹಾಲು ಚೊಲೋ ಕುಡೀತಾಳ, ರೊಟ್ಟಿ ಮುಟ್ಟೂದಿಲ್ಲ. ಮನ್ಯಾಗ ಹಿರಿಯಾರು ಔಡಲೆಣ್ಣಿ ಕುಡಸ್ರಿ ಅಂತಾರ. ಔಷಧ ಹಾಕಿದ್ರ ಅದೇ ರೂಢಿ ಬೀಳ್ತೈತೇನೋ ಅಂತ ಹೆದರಿಕಿ. ಏನು ಮಾಡೂದ್ರೀ?
— ಜಮಖಂಡಿ, ಬಾಗಲಕೋಟೆ ಜಿಲ್ಲೆ

ಉತ್ತರ: ಬಾಗಿಲ ಹಿಂದೆ ಹೋಗಿ ಕಾಲು ಬಿಗಿಹಿಡಿಯುತ್ತಾಳೆ ಎಂದು ಬರೆದಿದ್ದೀರಲ್ಲ, ಇಡೀ ಪ್ರಶ್ನೆಯಲ್ಲಿ ಅದೇ ದೊಡ್ಡ ಸುಳಿವು. ನೋಡಿದವರಿಗೆ ಕೂಸು ತಿಣುಕುತ್ತಿದೆ ಅನ್ನಿಸುತ್ತದೆ. ಆದರೆ ಆಕೆ ಬರುತ್ತಿರುವುದನ್ನು ತಡೆಯುತ್ತಿದ್ದಾಳೆ. ತಿಣುಕುವ ಮಗು ಮೊಣಕಾಲು ಮಡಚಿ ಕುಕ್ಕರಗಾಲಲ್ಲಿ ಕೂಡುತ್ತದೆ. ತಡೆಯುವ ಮಗು ಕಾಲು ನೆಟ್ಟಗೆ ಮಾಡಿ, ತುದಿಗಾಲ ಮೇಲೆ ನಿಂತು, ಕುಂಡಿ ಬಿಗಿಹಿಡಿದು ಮೂಲೆ ಸೇರುತ್ತದೆ.

ಇದಕ್ಕೆ ಕಾರಣ ನೋವಿನ ನೆನಪು. ಜ್ವರ ಬಂದು ಊಟ-ನೀರು ತಪ್ಪಿದಾಗಲೋ, ಬಿಸಿಲುಗಾಲದಲ್ಲೋ, ಎದೆಹಾಲು ಬಿಡಿಸಿ ಮೇಲಿನ ಹಾಲು ಹೆಚ್ಚು ಮಾಡಿದಾಗಲೋ ಒಮ್ಮೆ ಮಲ ಗಟ್ಟಿಯಾಗಿ, ಗುದದ ಅಂಚು ಸಣ್ಣಗೆ ಸೀಳಿರುತ್ತದೆ. ಮುಂದಿನ ಸಲ ಒತ್ತಡ ಬಂದಾಗ ಮಗು ಹೆದರಿ ತಡೆಯುತ್ತದೆ. ತಡೆದಷ್ಟು ಹೊತ್ತೂ ದೊಡ್ಡ ಕರುಳು ಮಲದ ನೀರನ್ನು ಹೀರುತ್ತಲೇ ಇರುತ್ತದೆ. ಎರಡು ದಿನದ ಬಳಿಕ ಅದು ಇನ್ನೂ ದಪ್ಪ, ಇನ್ನೂ ಗಟ್ಟಿ. ಹೊರಬರುವಾಗ ಮತ್ತೆ ನೋವು, ಮತ್ತೆ ಹೆದರಿಕೆ. ತಿಂಗಳುಗಟ್ಟಲೆ ಹೀಗಾದರೆ ಗುದನಾಳ ಹಿಗ್ಗಿ, ತುಂಬಿದ್ದರೂ ತುಂಬಿದ ಅರಿವು ಮಗುವಿಗೆ ಸರಿಯಾಗಿ ಆಗುವುದಿಲ್ಲ. ಬೈದರೆ, ಒತ್ತಾಯದಿಂದ ಕೂಡ್ರಿಸಿದರೆ ತಡೆಯುವುದು ಹೆಚ್ಚಾಗುತ್ತದೆ ಅಷ್ಟೆ.

ವಾರಕ್ಕೆ ಎರಡು ಸಲ ಅಥವಾ ಅದಕ್ಕಿಂತ ಕಡಿಮೆ ಹೋಗುವುದು, ನೋವಿನ ಗಟ್ಟಿ ಮಲ, ತಡೆದು ಹಿಡಿಯುವುದು, ತೀರ ದಪ್ಪ ಮಲ, ಗುದನಾಳದಲ್ಲಿ ಮಲದ ಗಡ್ಡೆ: ಇವುಗಳಲ್ಲಿ ಎರಡು ಲಕ್ಷಣ ಒಂದು ತಿಂಗಳು ಇದ್ದರೆ ವೈದ್ಯರು ಇದನ್ನು ಮಲಬದ್ಧತೆ ಎನ್ನುತ್ತಾರೆ. ಈ ವಯಸ್ಸಿನಲ್ಲಿ ಬಹುಪಾಲು ಮಕ್ಕಳಿಗೆ ಕರುಳಿನ ರೋಗ ಏನೂ ಇರುವುದಿಲ್ಲ. ಹಾಗಾಗಿ ಕೆಲಸದ ಕ್ರಮ ಇಷ್ಟು: ಮೊದಲು ನೋವು ನಿಲ್ಲಬೇಕು, ಆಮೇಲೆ ಹೆದರಿಕೆ ಮರೆಯುವವರೆಗೆ ಮಲ ಮೆತ್ತಗಿರಬೇಕು. ಎಷ್ಟೋ ಮನೆಗಳಲ್ಲಿ ಇದು ತಿರುಗುಮುರುಗಾಗುತ್ತದೆ. ಒಳಗೆ ಗಡ್ಡೆ ಕಟ್ಟಿರುವಾಗಲೇ ಪಲ್ಯ, ಹಣ್ಣು, ನಾರು ತುರುಕಿದರೆ ಹೊಟ್ಟೆ ಉಬ್ಬಿ ಮಗು ಇನ್ನಷ್ಟು ಒದ್ದಾಡುತ್ತದೆ.

ಗಡ್ಡೆ ಕಟ್ಟಿದೆಯೇ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಹೊಟ್ಟೆಯ ಕೆಳಭಾಗದಲ್ಲಿ, ಹೆಚ್ಚಾಗಿ ಎಡಕ್ಕೆ, ಗಟ್ಟಿ ಉಂಡೆ ಕೈಗೆ ಸಿಗುತ್ತದೆ. ಹಸಿವು ಕಡಿಮೆಯಾಗಿರುತ್ತದೆ. ಚಡ್ಡಿಯಲ್ಲಿ ಆಗಾಗ ತೆಳ್ಳಗಿನ ಮಲದ ಕಲೆ ಕಂಡರೆ ಅದನ್ನು ಭೇದಿ ಎಂದು ತಿಳಿಯಬೇಡಿ. ಗಡ್ಡೆಯ ಸುತ್ತಲಿಂದ ಜಾರಿ ಬರುವ ನೀರುಮಲ ಅದು. ಭೇದಿ ನಿಲ್ಲಿಸುವ ಔಷಧ ಹಾಕಿದರೆ ಕೆಲಸ ಪೂರ್ತಿ ಕೆಡುತ್ತದೆ.

ಇನ್ನು ಔಷಧದ ಮಾತು. ಒಂದು ವರ್ಷ ದಾಟಿದ ಮಕ್ಕಳಿಗೆ ಮೊದಲ ಆಯ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿ. ಇದು ಕರುಳನ್ನು ಹಿಂಡುವುದಿಲ್ಲ. ನೀರನ್ನು ಹಿಡಿದಿಟ್ಟುಕೊಂಡು ಮಲದೊಳಗೇ ಉಳಿಸುತ್ತದೆ, ರಕ್ತಕ್ಕೆ ಹೆಚ್ಚುಕಡಿಮೆ ಸೇರುವುದೇ ಇಲ್ಲ. ಗಡ್ಡೆ ಕಟ್ಟಿದ್ದರೆ ವೈದ್ಯರು ಕಿಲೊ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂನಂತೆ 3ರಿಂದ 6 ದಿನ ಕೊಟ್ಟು ಖಾಲಿ ಮಾಡಿಸುತ್ತಾರೆ. ನಿಮ್ಮ ಮಗಳ ತೂಕಕ್ಕೆ ದಿನಕ್ಕೆ 11ರಿಂದ 16 ಗ್ರಾಂ ಆಯಿತು. ಆ ದಿನಗಳಲ್ಲಿ ಬಟ್ಟೆ ಕೆಡುತ್ತದೆ, ನೀರಿನಂತೆಯೂ ಹೋಗಬಹುದು. ಇದು ಮೊದಲೇ ಗೊತ್ತಿಲ್ಲದ ಮನೆಯವರು ಎರಡನೇ ದಿನಕ್ಕೇ ಗಾಬರಿಯಾಗಿ ನಿಲ್ಲಿಸಿಬಿಡುತ್ತಾರೆ, ಗಡ್ಡೆ ಅರ್ಧ ಅಲ್ಲೇ ಉಳಿಯುತ್ತದೆ. ಖಾಲಿಯಾದ ಮೇಲೆ ದಿನದ ಡೋಸ್ ಕಿಲೊಗೆ ಸುಮಾರು 0.4 ಗ್ರಾಂ, ಅಂದರೆ ಈಕೆಗೆ ನಾಲ್ಕೂವರೆ ಗ್ರಾಂ ಆಸುಪಾಸು. ದಿನಕ್ಕೊಮ್ಮೆ ನೋವಿಲ್ಲದೆ, ಮಾಗಿದ ಬಾಳೆಹಣ್ಣಿನಷ್ಟು ಮೆತ್ತಗೆ ಹೋಗುವಂತೆ ವೈದ್ಯರು ಅದನ್ನು ಏರಿಸಿ ಇಳಿಸುತ್ತಾರೆ. ಪೊಟ್ಟಣದ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. ದೊಡ್ಡವರ ಪೊಟ್ಟಣವನ್ನು ಕಣ್ಣಳತೆಯಲ್ಲಿ ಹಾಕಬೇಡಿ, ಎಷ್ಟು ಗ್ರಾಂ, ಎಷ್ಟು ನೀರು ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ. ಲವಣ ಬೆರೆತ ಪುಡಿ ಉಪ್ಪುಪ್ಪಾಗಿ ಮಗು ಉಗುಳುತ್ತದೆ. ಲವಣವಿಲ್ಲದ್ದಕ್ಕೆ ರುಚಿ ಬಹಳ ಕಡಿಮೆ. ಪುಡಿ ಸಿಗದಿದ್ದರೆ ಅಥವಾ ಮಗು ಕುಡಿಯದಿದ್ದರೆ ಲ್ಯಾಕ್ಟುಲೋಸ್ ಸಿರಪ್ ಇದೆ. ಸಿಹಿಯಾಗಿರುವುದರಿಂದ ಕುಡಿಯುತ್ತಾರೆ, ಗಾಳಿ ಸ್ವಲ್ಪ ಜಾಸ್ತಿ. ಎರಡೂ ಪರಿಣಾಮ ತೋರಲು ಒಂದೆರಡು ದಿನ ಬೇಕು, ಮೂರೂ ಆಗಬಹುದು.

ರೂಢಿ ಬೀಳುತ್ತದೆಯೇ? ಈ ಎರಡು ಔಷಧಗಳಿಂದ ಕರುಳು ಸೋಮಾರಿಯಾಗುವುದಿಲ್ಲ. ನಿಲ್ಲಿಸಿದ ಕೂಡಲೇ ಮತ್ತೆ ಗಟ್ಟಿಯಾಗುವುದಕ್ಕೆ ಕಾರಣ ಬೇರೆ: ಹಿಗ್ಗಿದ ಗುದನಾಳ ಇನ್ನೂ ಮೊದಲಿನಂತಾಗಿಲ್ಲ, ಹೆದರಿಕೆಯೂ ಹೋಗಿಲ್ಲ. ಅದಕ್ಕೇ ಕನಿಷ್ಠ ಎರಡು ತಿಂಗಳು ಕೊಡಬೇಕು, ಎಲ್ಲ ತೊಂದರೆ ನಿಂತು ಒಂದು ತಿಂಗಳಾದ ಮೇಲೆಯೇ ಮೆಲ್ಲಗೆ ಇಳಿಸಬೇಕು. ಎಷ್ಟೋ ಮಕ್ಕಳಿಗೆ ಆರು ತಿಂಗಳೂ ಹಿಡಿಯುತ್ತದೆ. ವಾರ ಕೊಟ್ಟು ಬಿಡುವುದು, ಬಿಗಿದಾಗ ಮತ್ತೆ ಕೊಡುವುದು: ಇದರಷ್ಟು ಮಗುವನ್ನು ಕಾಡುವುದು ಇನ್ನೊಂದಿಲ್ಲ.

ಊಟದಲ್ಲಿ ಮೊದಲು ತಿದ್ದಬೇಕಾದ್ದು ಹಾಲು. ದಿನಕ್ಕೆ ಬಾಟಲಿಗಟ್ಟಲೆ ಎಮ್ಮೆ ಹಾಲು ಕುಡಿದ ಹೊಟ್ಟೆಯಲ್ಲಿ ರೊಟ್ಟಿಗೆ ಜಾಗವೆಲ್ಲಿ? ದಿನಕ್ಕೆ 400ರಿಂದ 500 ಮಿಲಿ ಸಾಕು, ಮೊಸರು ಮಜ್ಜಿಗೆಯೂ ಈ ಲೆಕ್ಕದಲ್ಲೇ. ಬಾಟಲಿ ಬಿಡಿಸಿ ಲೋಟಕ್ಕೆ ಹಾಕಿ, ರಾತ್ರಿ ನಿದ್ದೆಗಣ್ಣಿನ ಬಾಟಲಿಯನ್ನು ಮೊದಲು ತೆಗೆಯಿರಿ. ಹಾಲೇ ಊಟವಾದ ಮಕ್ಕಳಲ್ಲಿ ರಕ್ತವೂ ಕಡಿಮೆಯಾಗುತ್ತದೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಸಿರಪ್ (ವಾರಕ್ಕೆ ಎರಡು ಸಲ, 1 ಮಿಲಿ) ಮಲವನ್ನು ಕಪ್ಪಗೆ ಮಾಡುತ್ತದೆ ನಿಜ, ಆದರೆ ಅದನ್ನು ನಿಲ್ಲಿಸಬೇಡಿ.

ಹಾಲು ಇಳಿದರೆ ಹಸಿವು ತಾನೇ ಏಳುತ್ತದೆ. ಆಗ ಚಹಾದಲ್ಲಿ ಅದ್ದಿದ ಖಾರಿ, ಟೋಸ್ಟ್, ಬಿಸ್ಕೀಟು ಮುಂದಿಡಬೇಡಿ. ಎಲ್ಲ ಮೈದಾ, ನಾರು ಕಡಿಮೆ. ಚಹಾ ಕಬ್ಬಿಣಾಂಶವನ್ನೂ ಹೀರಗೊಡುವುದಿಲ್ಲ. ನಮ್ಮ ಭಾಗದ ಅಡುಗೆಮನೆಯಲ್ಲಿ ಇದಕ್ಕಿಂತ ಚೊಲೋ ಇರುವುದು ಎಷ್ಟೋ ಇದೆ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ನಾರು. ಬಿಸಿ ರೊಟ್ಟಿಯ ಮೆತ್ತನೆಯ ಭಾಗವನ್ನು ತಿಳಿ ಬೇಳೆಯಲ್ಲೋ ಹೆಸರುಕಾಳಿನ ಪಲ್ಯದ ರಸದಲ್ಲೋ ಚೂರಿ ನೆನೆಸಿ ಕೊಡಿ. ಹಾಲಿನಲ್ಲಿ ನೆನೆಸಿದರೆ ಅದೂ ಹಾಲಿನ ಲೆಕ್ಕಕ್ಕೆ ಬಂತು. ಜೋಳದ ನುಚ್ಚು, ಮೆಂತ್ಯ ಅಥವಾ ರಾಜಗಿರಿ ತೊಪ್ಪಲು ಹಾಕಿದ ಬೇಳೆ, ಚಟ್ನಿ ಹಚ್ಚದ ಮುದ್ದಿ ಪಲ್ಯ ಎಲ್ಲ ನಡೆಯುತ್ತವೆ. ವಿಜಯಪುರದ ಮಣೂಕ (ಒಣದ್ರಾಕ್ಷಿ) ಎಂಟ್ಹತ್ತನ್ನು ರಾತ್ರಿ ಅರ್ಧ ವಾಟಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಚೆನ್ನಾಗಿ ಕಿವುಚಿ ಸಿಪ್ಪೆ ಸಮೇತ ತಿನ್ನಿಸಿ. ಪೇರಲ ಹಣ್ಣಿನ ಬೀಜ ತೆಗೆದು ತುರಿದು, ಪಪ್ಪಾಯಿ, ಚಿಕ್ಕು, ನೆನೆಸಿದ ಅಂಜೂರ ಒಂದೊಂದು ದಿನ ಒಂದೊಂದು. ಇಡೀ ದ್ರಾಕ್ಷಿ, ಶೇಂಗಾ, ಪುಟಾಣಿ ಈ ವಯಸ್ಸಿಗೆ ಬೇಡ, ಉಸಿರುನಾಳಕ್ಕೆ ಸಿಗುತ್ತವೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ ಕೊಡಬೇಕು. ಇಸಬಗೋಲವನ್ನು ನೀವಾಗಿಯೇ ಕೊಡಬೇಡಿ, ನೀರು ಕಡಿಮೆಯಾದರೆ ಗಂಟಲಲ್ಲೇ ಉಬ್ಬುತ್ತದೆ.

ನೀರು ಸಾಕಷ್ಟಿರಬೇಕು, ಆದರೆ ಸುರಿಯಬೇಕಿಲ್ಲ. 11 ಕಿಲೊ ಮಗುವಿಗೆ ಹಾಲು, ಸಾರು, ನೀರು ಎಲ್ಲ ಸೇರಿ ದಿನಕ್ಕೆ ಸುಮಾರು ಒಂದು ಲೀಟರು, ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಅದಕ್ಕಿಂತ ಹೆಚ್ಚು. ಬೇಕಾದ್ದಕ್ಕಿಂತ ಹೆಚ್ಚು ಕುಡಿಸಿದ ನೀರು ಮೂತ್ರವಾಗಿ ಹೋಗುತ್ತದೆ, ಮಲ ಮೆತ್ತಗಾಗುವುದಿಲ್ಲ.

ಕೂಡ್ರಿಸುವ ಹೊತ್ತು ಊಟವಾಗಿ 20-30 ನಿಮಿಷದೊಳಗೆ. ಹೊಟ್ಟೆಗೆ ಅನ್ನ ಬಿದ್ದಾಗ ದೊಡ್ಡ ಕರುಳು ತಾನಾಗಿಯೇ ಚಲಿಸುವ ಸಮಯ ಅದು. ಐದು ನಿಮಿಷ ಸಾಕು, ಬರದಿದ್ದರೆ ನಗುತ್ತ ಎಬ್ಬಿಸಿ. ಅಜ್ಜಿಯರು ನೆಲದ ಮೇಲೆ ಕಾಲು ಚಾಚಿ, ಎರಡು ಪಾದಗಳ ಮೇಲೆ ಕೂಸನ್ನು ಕುಕ್ಕರಗಾಲಲ್ಲಿ ಕೂಡ್ರಿಸುತ್ತಾರಲ್ಲ, ಅದು ಬಹಳ ಒಳ್ಳೆಯ ಭಂಗಿ: ಮೊಣಕಾಲು ಸೊಂಟಕ್ಕಿಂತ ಮೇಲೆ, ಬೆನ್ನಿಗೆ ಆಸರೆ. ಕಮೋಡ್ ಇದ್ದರೆ ಕಾಲು ತೂಗಾಡದಂತೆ ಕೆಳಗೆ ಮಣೆ ಇಡಿ. ಕಾಲು ತೂಗಾಡಿದರೆ ಕುಂಡಿಯ ಸ್ನಾಯು ಸಡಿಲವಾಗುವುದಿಲ್ಲ. ಸಂಡಾಸದ ಗುಂಡಿ ಕಂಡು ಹೆದರಿದರೆ ಒತ್ತಾಯ ಬೇಡ, ಮಕ್ಕಳ ಸಣ್ಣ ಪಾಟಿ ಕುರ್ಚಿಯೋ ಡೈಪರೋ ಸದ್ಯಕ್ಕೆ ಇರಲಿ. ನೋವು ನಿಂತು ಕೆಲವು ವಾರವಾಗುವವರೆಗೆ ಡೈಪರ್ ಬಿಡಿಸಿ ಸಂಡಾಸ ರೂಢಿ ಮಾಡಿಸುವುದನ್ನೇ ಮುಂದೂಡಿ. ಗುದದ ಅಂಚು ಸೀಳಿದ್ದರೆ ದಿನಕ್ಕೆರಡು ಸಲ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನ ಬುಟ್ಟಿಯಲ್ಲಿ ಕೂಡ್ರಿಸಿ, ಒರೆಸಿ, ವ್ಯಾಸಲಿನ್ ಹಚ್ಚಿ.

ಔಡಲೆಣ್ಣೆ ಬೇಡ. ಅದು ಕರುಳನ್ನು ಹಿಂಡಿ ಹೊಟ್ಟೆ ನುಲಿಸುತ್ತದೆ, ಭೇದಿಯಾಗಿ ನೀರು ಹೋಗುತ್ತದೆ. ಅಳುವ ಕೂಸಿನ ಬಾಯಿಗೆ ಒತ್ತಾಯದಿಂದ ಹಾಕಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಹಿರಿಯರ ಕಾಳಜಿ ದೊಡ್ಡದು, ಅದಕ್ಕೇ ಅವರಿಗೆ ಈ ಅಪಾಯ ಬಿಡಿಸಿ ಹೇಳಿ. ಎಲೆಯ ತೊಟ್ಟು, ಸಾಬೂನಿನ ಚೂರು ಗುದಕ್ಕೆ ಇಡುವುದೂ ಹಾಗೆಯೇ. ಆ ದಿನ ಮಲ ಬರಬಹುದು, ಆದರೆ ಸಾಬೂನು ಒಳಪೊರೆಯನ್ನು ಸುಡುತ್ತದೆ, ತೊಟ್ಟು ಗೀರುತ್ತದೆ, ಮತ್ತು ಅಲ್ಲಿ ಯಾರಾದರೂ ಕೈ ಹಾಕುತ್ತಾರೆಂಬ ಭಯ ಕೂತರೆ ಕೂಸು ಇನ್ನೂ ಗಟ್ಟಿಯಾಗಿ ತಡೆಯುತ್ತದೆ.

ಕೆಲವು ಲಕ್ಷಣ ಕಂಡರೆ ಮನೆಯಲ್ಲಿ ಕಾಯಬಾರದು. ಹಸಿರು ವಾಂತಿ ಅಥವಾ ಬಿಗಿದು ಉಬ್ಬಿದ ಹೊಟ್ಟೆ ಇದ್ದರೆ, ಜತೆಗೆ ಜ್ವರವಿರಲಿ ಇಲ್ಲದಿರಲಿ, ಅದೇ ದಿನ ಆಸ್ಪತ್ರೆಗೆ. ಹುಟ್ಟಿದ ಮೊದಲ ತಿಂಗಳಿಂದಲೇ ಈ ತೊಂದರೆ ಇತ್ತೇ, ಹುಟ್ಟಿ 48 ಗಂಟೆ ಕಳೆದ ಮೇಲೆ ಮೊದಲ ಕಪ್ಪು ಮಲ ಬಂದಿತ್ತೇ ಎಂದು ನೆನಪು ಮಾಡಿಕೊಳ್ಳಿ. ಹಾಗಿದ್ದರೆ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದ ಹಿರ್ಷ್‌ಸ್ಪ್ರಂಗ್ ಎಂಬ ಜನ್ಮಜಾತ ತೊಂದರೆ ಇದೆಯೇ ಎಂದು ಮಕ್ಕಳ ಶಸ್ತ್ರತಜ್ಞರು ನೋಡಬೇಕು. ತೂಕ ಏರದಿರುವುದು, ನಡಿಗೆಯಲ್ಲಿ ಕಾಲು ಸೋಲುವುದು, ಬೆನ್ನಿನ ಕೆಳಗೆ ಕೂದಲ ಗುಚ್ಛ ಅಥವಾ ಕುಳಿ, ಸೀಳಿಲ್ಲದಿದ್ದರೂ ರಕ್ತ: ಇವನ್ನು ತಪ್ಪದೆ ವೈದ್ಯರಿಗೆ ಹೇಳಿ. ಔಷಧ ಸರಿಯಾಗಿ ಕೊಟ್ಟರೂ ಗುಣ ಕಾಣದಿದ್ದರೆ ಥೈರಾಯ್ಡ್ ಪರೀಕ್ಷೆ, ಎರಡರಿಂದ ನಾಲ್ಕು ವಾರ ಹಾಲು ನಿಲ್ಲಿಸಿ ನೋಡುವುದು ಮುಂದಿನ ಹೆಜ್ಜೆ. ಎರಡನ್ನೂ ಅವರೇ ನಿರ್ಧರಿಸಲಿ.

ಗೋಡೆಯ ಕ್ಯಾಲೆಂಡರಿನಲ್ಲಿ ಇಂದಿನಿಂದಲೇ ಗುರುತು ಹಾಕತೊಡಗಿ: ಮಲ ಹೋದ ದಿನ, ಗಟ್ಟಿಯೋ ಮೆತ್ತಗೋ, ಅತ್ತಳೋ ಇಲ್ಲವೋ, ಎಷ್ಟು ಔಷಧ. ಜಮಖಂಡಿಯಲ್ಲೇ ತೋರಿಸಿದರೂ, ಬಾಗಲಕೋಟೆಗೋ ಬೆಳಗಾವಿಗೋ ಹೋದರೂ, ಆ ಹಾಳೆಯನ್ನು ಜತೆಗೊಯ್ಯಿರಿ. ಡೋಸ್ ಏರಿಸಬೇಕೋ ಇಳಿಸಬೇಕೋ ಎಂಬುದನ್ನು ವೈದ್ಯರು ಅದನ್ನು ನೋಡಿಯೇ ಹೇಳಬಲ್ಲರು.